ನೀರು ಕೊಂಡೊಯ್ದುದನ್ನು ಜನರು ಮರಳಿ ಕಟ್ಟಿದ ಬಗೆ

ಸೂಳೆಕೆರೆಯ ಆಸರೆಯಲ್ಲಿ ಬಾಳುವವರಿಗೆ ನೀರಿನ ಮಹಿಮೆಯನ್ನು ಬೇರೊಬ್ಬರು ಹೇಳಿಕೊಡಬೇಕಾಗಿಲ್ಲ. ಎರಡು ಗುಡ್ಡಗಳ ನಡುವೆ ಹರಿದ್ರಾ ಹಳ್ಳಕ್ಕೆ ಅಡ್ಡಲಾಗಿ ನಿಂತಿರುವ ಏರಿಯು ಶತಮಾನಗಳಿಂದ ಸಿದ್ಧ, ಬಸವ ಎಂಬ ಎರಡು ತೂಬುಗಳ ಮೂಲಕ ಈ ನಾಡಿನ ಗದ್ದೆ ತೋಟಗಳಿಗೆ ನೀರುಣಿಸುತ್ತ ಬಂದಿದೆ. ಈ ಕೆರೆಯನ್ನು ಕಟ್ಟಿಸಿದವಳೆಂದು ಜನರು ನಂಬಿರುವ ಶಾಂತವ್ವನ ಐತಿಹ್ಯದಲ್ಲಿ ಸ್ವರ್ಗಾವತಿಯೆಂಬ ಪಟ್ಟಣವೇ ನೀರಿನ ಪಾಲಾಯಿತೆಂಬ ಮಾತೂ ಉಂಟು. ಅನ್ನವನ್ನೀಯುವ ನೀರೇ ಊರನ್ನು ನುಂಗಲೂ ಬಲ್ಲುದೆಂಬ ಅರಿವು ಹೀಗೆ ನಮ್ಮ ನೆಲದ ಕಥೆಯಲ್ಲಿಯೇ ಸೇರಿಕೊಂಡಿದೆ.

ನಮ್ಮ ಹರಿದ್ರೆಯು ಹರಿಹರದ ಬಳಿ ತುಂಗಭದ್ರೆಯನ್ನು ಕೂಡುತ್ತದೆ. ಅಲ್ಲಿಯ ಆರೋಗ್ಯಮಾತೆಯ ಪುಣ್ಯಕ್ಷೇತ್ರವು ೨೦೧೯ರಲ್ಲಿ ಕಿರು ಬೆಸಿಲಿಕದ ಪದವಿಗೇರಿತು. ತುಂಗಭದ್ರೆ ಕೃಷ್ಣೆಯನ್ನು ಸೇರುತ್ತಾಳೆ. ಕೃಷ್ಣೆ ಬಂಗಾಳ ಕೊಲ್ಲಿಯನ್ನು ಸೇರುತ್ತಾಳೆ. ಅದೇ ಕಡಲಿನ ದಂಡೆಯಲ್ಲಿ, ದಕ್ಷಿಣಕ್ಕೆ, ಆರೋಗ್ಯಮಾತೆಯ ಮೂಲಕ್ಷೇತ್ರವಾದ ವೇಳಾಂಗಣಿಯಿದೆ. ಬಿರುಗಾಳಿಯಿಂದ ಪಾರಾದ ಪೋರ್ಚುಗೀಸ್ ನಾವಿಕರು ಅಲ್ಲಿ ಮಾತೆಗೆ ಗುಡಿ ಕಟ್ಟಿದರೆಂಬ ಪರಂಪರಾಗತ ನಂಬಿಕೆಯನ್ನು ನಮ್ಮ ಭಕ್ತಾದಿಗಳೆಲ್ಲರೂ ಬಲ್ಲರು. ಆದುದರಿಂದ ೨೦೦೪ರಲ್ಲಿ ಆ ಕರಾವಳಿಗೆ ಒದಗಿದ ವಿಪತ್ತನ್ನೂ, ಅಲ್ಲಿಯ ಜನರು ಅದರಿಂದ ಎದ್ದು ನಿಂತ ಚರಿತ್ರೆಯನ್ನೂ ನಮ್ಮ ದೇವಾಲಯದ ಈ ಶತಮಾನೋತ್ಸವ ಸಂಚಿಕೆಯಲ್ಲಿ ಸ್ಮರಿಸುವುದು ಉಚಿತವೆಂದು ಭಾವಿಸಿದ್ದೇವೆ.

ಆ ಭಾನುವಾರ

೨೦೦೪ನೆಯ ಇಸವಿ ಡಿಸೆಂಬರ್ ೨೬, ಕ್ರಿಸ್ತಜಯಂತಿಯ ಮರುದಿನ, ಭಾನುವಾರ. ನಮ್ಮ ಗಡಿಯಾರದ ಪ್ರಕಾರ ಬೆಳಗಿನ ಆರೂವರೆಯ ವೇಳೆಗೆ ಇಂಡೋನೇಷ್ಯದ ಸುಮಾತ್ರಾ ದ್ವೀಪದ ಪಶ್ಚಿಮಕ್ಕೆ, ಸಮುದ್ರತಳದಲ್ಲಿ ಘೋರವಾದ ಭೂಕಂಪವಾಯಿತು. ಅದರ ತೀವ್ರತೆ ೯.೧ಕ್ಕೂ ಕಡಿಮೆಯಿರಲಿಲ್ಲವೆಂದು ವಿಜ್ಞಾನಿಗಳು ಗಣಿಸಿದ್ದಾರೆ. ಸಮುದ್ರತಳವು ಸಾವಿರಕ್ಕೂ ಹೆಚ್ಚು ಕಿಲೋಮೀಟರು ಉದ್ದಕ್ಕೆ ಸೀಳಿ ಮೇಲೆದ್ದಿತು. ಅದರ ಮೇಲಿನ ನೀರಿನ ರಾಶಿಯೆಲ್ಲ ಕದಲಿ ಅಲೆಯಾಗಿ ಹೊರಟಿತು. ಎರಡೂವರೆ ಗಂಟೆಗಳ ತರುವಾಯ ಆ ಅಲೆಗಳು ತಮಿಳುನಾಡಿನ ದಡವನ್ನು ಅಪ್ಪಳಿಸಿದುವು. ಎಚ್ಚರಿಕೆ ನೀಡಲು ಅಷ್ಟು ಸಮಯವಿತ್ತು. ಆದರೆ ನೀಡುವ ವ್ಯವಸ್ಥೆಯೇ ಹಿಂದೂ ಮಹಾಸಾಗರದಲ್ಲಿ ಅಂದು ಇರಲಿಲ್ಲ.

ಹದಿನಾಲ್ಕು ದೇಶಗಳಲ್ಲಿ ಎರಡು ಲಕ್ಷಕ್ಕೂ ಮಿಕ್ಕಿ ಜನರು ಮಡಿದರು. ತಮಿಳುನಾಡಿನಲ್ಲಿ ಸತ್ತವರು ಸುಮಾರು ೮,೦೦೦. ಅವರಲ್ಲಿ ೬,೦೦೦ಕ್ಕೂ ಹೆಚ್ಚು ಮಂದಿ ನಾಗಪಟ್ಟಣ ಜಿಲ್ಲೆಯೊಂದರವರು. ನಡುಗಡಲಿನಲ್ಲಿ ಸುನಾಮಿಯ ಅಲೆ ಎತ್ತರವಾಗಿರುವುದಿಲ್ಲ. ದಡ ಸಮೀಪಿಸಿದಂತೆ ಅದು ಏರುತ್ತದೆ. ಆದಕಾರಣ ದೂರದ ಕಡಲಿನಲ್ಲಿದ್ದ ಗಂಡಸರು ಏನೂ ಅರಿಯದೆ ಉಳಿದುಕೊಂಡರು. ದಡದಲ್ಲಿ ಮೀನಿಗಾಗಿ ಕಾದಿದ್ದ ಹೆಂಗಸರೂ ಮರಳಿನಲ್ಲಿ ಆಡುತ್ತಿದ್ದ ಮಕ್ಕಳೂ ಕೊಚ್ಚಿಹೋದರು. ವೇಳಾಂಗಣಿಯಲ್ಲಿ ನೀರು ಬೆಸಿಲಿಕದ ಒಳಗೆ ಬರಲಿಲ್ಲ, ಬಲಿಪೂಜೆಯಲ್ಲಿದ್ದವರು ಬದುಕಿದರು. ಕಡಲ ದಂಡೆಯಲ್ಲಿಯೂ ಅಂಗಡಿ ಬೀದಿಯಲ್ಲಿಯೂ ಇದ್ದ ಯಾತ್ರಿಕರು ನೂರಾರು ಸಂಖ್ಯೆಯಲ್ಲಿ ಅಸುನೀಗಿದರು. ಉಳಿದವರು ಹೆಚ್ಚು ಪುಣ್ಯವಂತರು, ಮಡಿದವರು ಪಾಪಿಗಳು ಎಂದು ಲೆಕ್ಕ ಹಾಕುವುದು ಕ್ರೈಸ್ತ ವಿಶ್ವಾಸಕ್ಕೆ ಸಲ್ಲದು. ಮಡಿದವರೂ ಅದೇ ತಾಯಿಯ ದರ್ಶನಕ್ಕೆ ಬಂದ ಮಕ್ಕಳೇ ಆಗಿದ್ದರು.

ಮೊದಲ ಕೈಗಳು

ಹೊರಗಿನ ಸಹಾಯ ತಲುಪುವ ಮುನ್ನ ನೆರೆಹೊರೆಯವರ ಕೈಗಳೇ ಕೆಲಸಕ್ಕೆ ತೊಡಗಿದುವು. ನಾಗೂರಿನ ದರ್ಗಾದವರು ಜಾತಿಮತಗಳನ್ನು ಎಣಿಸದೆ ಸತ್ತವರ ದಫನಕ್ಕೆ ನೆಲ ಕೊಟ್ಟರು. ಬದುಕಿದವರಿಗೆ ನೆರಳನ್ನೂ ಅನ್ನವನ್ನೂ ಕೊಟ್ಟರು. ಶಾಲೆಗಳು, ಮದುವೆಯ ಛತ್ರಗಳು, ದೇವಾಲಯಗಳು ಆಶ್ರಯತಾಣಗಳಾದುವು. ದುಃಖದ ಆ ದಿನಗಳಲ್ಲಿ ಮನುಷ್ಯನು ಮನುಷ್ಯನಿಗೆ ಆದುದನ್ನು ಚರಿತ್ರೆಯು ಮರೆಯಲಾರದು.

ಆ ಕರಾವಳಿಯ ಪಟ್ಟಿನವರ್ ಮೀನುಗಾರರಲ್ಲಿ ಪ್ರತಿಯೊಂದು ಹಳ್ಳಿಗೂ ತಲೆತಲಾಂತರದಿಂದ ಬಂದ ಊರ ಪಂಚಾಯಿತಿಯುಂಟು. ಕಡಲಿನ ವ್ಯಾಜ್ಯ, ಹಬ್ಬದ ವಂತಿಗೆ, ಮನೆಮನೆಯ ಜಗಳ ಎಲ್ಲವೂ ಅದರ ಮುಂದೆ ಬರುತ್ತವೆ. ವಿಪತ್ತಿನ ಮರುದಿನಗಳಲ್ಲಿ ಲಾರಿಗಟ್ಟಲೆ ಬಂದ ಅಕ್ಕಿ, ಪಾತ್ರೆ, ಬಟ್ಟೆಗಳಿಗೆ ಜನರು ಮುಗಿಬೀಳದಂತೆ ಈ ಪಂಚಾಯಿತಿಗಳು ತಡೆದುವು. ಎಲ್ಲವನ್ನೂ ಒಂದೆಡೆ ಶೇಖರಿಸಿ, ಮನೆಗಿಷ್ಟೆಂದು ಸಮನಾಗಿ ಹಂಚಿದುವು. ಬಲಿಷ್ಠನು ಬಾಚಿಕೊಂಡು ದುರ್ಬಲನು ಬರಿಗೈಯಲ್ಲಿ ನಿಲ್ಲುವ ಅನ್ಯಾಯವು ಹೀಗೆ ಬಹುಮಟ್ಟಿಗೆ ತಪ್ಪಿತು.

ಆದರೆ ಸತ್ಯವನ್ನು ಪೂರ್ಣವಾಗಿ ಹೇಳಬೇಕು. ಪಂಚಾಯಿತಿಯ ಪಟ್ಟಿಯಲ್ಲಿ ಇದ್ದವರಿಗೆ ಪಾಲು ಸಿಕ್ಕಿತು, ಇಲ್ಲದವರಿಗೆ ಸಿಗಲಿಲ್ಲ. ಗಂಡಸಿಲ್ಲದ ಮನೆಯ ವಿಧವೆಯರು, ಅಂಚಿನ ಕೇರಿಗಳ ದಲಿತ ಕೂಲಿಕಾರರು, ಹಿನ್ನೀರಿನಲ್ಲಿ ಕೈಯಿಂದ ಸಿಗಡಿ ಹಿಡಿಯುವ ಇರುಳರು, ಉಪ್ಪಿನ ಗದ್ದೆಯ ಆಳುಗಳು ಹಲವೆಡೆ ಕಡೆಗಣಿಸಲ್ಪಟ್ಟರು. ಅವರು ಕಳೆದುಕೊಂಡುದು ದೋಣಿಯಲ್ಲ, ದಿನದ ಕೂಲಿ, ಕೂಲಿಗೆ ದಾಖಲೆಯಿರುವುದಿಲ್ಲ. ಆದಿ ಧರ್ಮಸಭೆಯಲ್ಲಿಯೂ ದಿನನಿತ್ಯದ ಹಂಚಿಕೆಯಲ್ಲಿ ಗ್ರೀಕ್ ಭಾಷೆಯ ವಿಧವೆಯರು ಕಡೆಗಣಿಸಲ್ಪಟ್ಟು, ಪ್ರೇಷಿತರು ಏಳು ಮಂದಿಯನ್ನು ಆ ಕಾರ್ಯಕ್ಕೆಂದೇ ನೇಮಿಸಿದುದನ್ನು ನಾವು ಬಲ್ಲೆವು. ಒಗ್ಗಟ್ಟಿದ್ದ ಮಾತ್ರಕ್ಕೆ ನ್ಯಾಯ ತಾನಾಗಿ ಬರುವುದಿಲ್ಲ. ಅದನ್ನು ನೋಡಿಕೊಳ್ಳಲು ಜನ ಬೇಕು.

ನಾಗಪಟ್ಟಣದಲ್ಲಿ ಆ ಹೊಣೆಯ ಒಂದು ಭಾಗವನ್ನು ಸೇವಾಸಂಸ್ಥೆಗಳ ಸಮನ್ವಯ ಕೇಂದ್ರವು ಹೊತ್ತಿತು. ಬಹುಕಾಲದಿಂದ ಮೀನುಗಾರ ಮಹಿಳೆಯರ ನಡುವೆ ದುಡಿಯುತ್ತಿದ್ದ ಸ್ನೇಹಾ ಎಂಬ ಸ್ಥಳೀಯ ಸಂಸ್ಥೆಯೂ ದಕ್ಷಿಣ ಭಾರತ ಮೀನುಗಾರರ ಸಂಘಗಳ ಒಕ್ಕೂಟವೂ ಮುಂದಾಗಿ, ಜಿಲ್ಲಾಡಳಿತದೊಡನೆ ಸೇರಿ, ಯಾವ ಹಳ್ಳಿಗೆ ಏನು ಬೇಕು, ಏನು ಬೇಡ ಎಂಬುದನ್ನು ದಿನದಿನವೂ ತಿಳಿದು ಹಂಚತೊಡಗಿದುವು. ಬೇಡವಾದುದೂ ಬಹಳವಿತ್ತು. ಹಳೆಯ ಬಟ್ಟೆಗಳು ರಸ್ತೆಯ ಬದಿಗಳಲ್ಲಿ ರಾಶಿರಾಶಿಯಾಗಿ ಬಿದ್ದುವು, ಎತ್ತಿಕೊಳ್ಳುವವರಿರಲಿಲ್ಲ. ಕೊಡುವವನು ತನಗೆ ಬೇಡವಾದುದನ್ನು ಕೊಟ್ಟರೆ ಪಡೆಯುವವನ ಮಾನಕ್ಕೆ ಕುಂದೆಂಬುದನ್ನು ಆ ರಾಶಿಗಳು ತಿಳಿಸಿಕೊಟ್ಟುವು.

ದೋಣಿ, ಗದ್ದೆ, ಮನೆ

ಮೇಲೆ ಹೇಳಿದ ಮೀನುಗಾರರ ಒಕ್ಕೂಟದ ಬೇರುಗಳು ನಮ್ಮ ಧರ್ಮಸಭೆಯ ಚರಿತ್ರೆಯಲ್ಲಿವೆ. ತಿರುವನಂತಪುರದ ಧರ್ಮಾಧ್ಯಕ್ಷರಾಗಿದ್ದ ಪೀಟರ್ ಬರ್ನಾರ್ಡ್ ಪೆರೇರಾ ಅವರು ಬಡ ಮೀನುಗಾರರಿಗಾಗಿ ಮರಿಯನಾಡು ಎಂಬ ಗ್ರಾಮವನ್ನು ನೆಲೆಗೊಳಿಸಿದರು. ಅಲ್ಲಿಯ ಮೀನುಗಾರರು ದಲ್ಲಾಳಿಗಳ ಹಿಡಿತದಿಂದ ಪಾರಾಗಲು ತಮ್ಮದೇ ಸಹಕಾರ ಸಂಘ ಕಟ್ಟಿಕೊಂಡರು. ಇಂಥ ಸಂಘಗಳು ಬೆಳೆದು ೧೯೮೦ರಲ್ಲಿ ಒಕ್ಕೂಟವಾಯಿತು. ಕಾಲು ಶತಮಾನದ ಬಳಿಕ ಸುನಾಮಿ ಬಂದಾಗ ದೋಣಿ ಕಟ್ಟುವ, ಎಂಜಿನು ರಿಪೇರಿ ಮಾಡುವ ಕುಶಲ ಕೈಗಳು ಆ ಒಕ್ಕೂಟದಲ್ಲಿ ಸಿದ್ಧವಾಗಿದ್ದುವು. ಆಪತ್ಕಾಲದಲ್ಲಿ ಹೊಸ ಸಂಘಟನೆಯನ್ನು ಹುಟ್ಟಿಸಲಾಗದು. ಶಾಂತಿಕಾಲದಲ್ಲಿ ಕಟ್ಟಿದುದೇ ಆಪತ್ತಿನಲ್ಲಿ ಒದಗುತ್ತದೆ.

ದೋಣಿಗಳ ದಾನದಲ್ಲಿಯೂ ಪಾಠವೊಂದಿತ್ತು. ಕೊಡುವವರ ಉತ್ಸಾಹದಿಂದ ಹಲವೆಡೆ ಮೊದಲು ಇದ್ದುದಕ್ಕಿಂತ ಹೆಚ್ಚು ಫೈಬರ್ ದೋಣಿಗಳು ಬಂದುವು. ಹಳೆಯ ಕಟ್ಟುಮರಗಳು ಮರೆಯಾದುವು. ಕಡಲಿನ ಮೀನು ಮಾತ್ರ ದೋಣಿಗಳಂತೆ ಹೆಚ್ಚಲಿಲ್ಲ.

ರೈತರ ಕಷ್ಟ ಇನ್ನೊಂದು ಬಗೆಯದು. ಉಪ್ಪುನೀರು ಹೊಕ್ಕ ಗದ್ದೆಗಳ ಮೇಲೆ ಮರಳು ಕೆಸರುಗಳು ಕುಳಿತಿದ್ದುವು. ಜನರು ಮೊದಲು ಅದನ್ನು ಕೆರೆದು ತೆಗೆದರು, ಬದುಗಳನ್ನು ಎತ್ತರಿಸಿ ಮಳೆನೀರನ್ನು ನಿಲ್ಲಿಸಿ, ಉಪ್ಪು ಕರಗಿದ ಮೇಲೆ ಹೊರಬಿಟ್ಟರು, ಜಿಪ್ಸಂ ಹಾಕಿದರು, ನಮ್ಮ ರೈತರೂ ಬಲ್ಲ ಡಯಾಂಚವನ್ನು ಬಿತ್ತಿ, ಹಸಿರೆಲೆ ಗೊಬ್ಬರವಾಗಿ ಮಣ್ಣಿಗೆ ಉತ್ತರು. ೨೦೦೫ರ ಹಿಂಗಾರು ಧಾರಾಳವಾಗಿ ಸುರಿದು ಉಪ್ಪನ್ನು ತೊಳೆಯಿತು. ಸತ್ತುಹೋಯಿತೆಂದು ತಿಳಿದಿದ್ದ ನೆಲವು ಹೀಗೆ ಮರಳಿ ಭತ್ತ ಕೊಟ್ಟಿತು.

ಎಲ್ಲಕ್ಕಿಂತ ದೀರ್ಘವಾದುದು ಮನೆಗಳ ಕಾರ್ಯ. ಟಾರು ಹಾಳೆಯ ತಾತ್ಕಾಲಿಕ ಸೂರುಗಳು ಬೇಸಿಗೆಯಲ್ಲಿ ಕುಲುಮೆಗಳಂತಿದ್ದುವು, ಮಳೆಗಾಲದಲ್ಲಿ ಸೋರುತ್ತಿದ್ದುವು. ೨೦೦೫ರ ಮಾರ್ಚ್ ೩೦ರಂದು ತಮಿಳುನಾಡು ಸರಕಾರ ಹೊರಡಿಸಿದ ಆದೇಶದಂತೆ, ದಡದಿಂದ ೨೦೦ ಮೀಟರಿನೊಳಗೆ ಇದ್ದವರು ಹಿಂದೆ ಸರಿದರೆ ಮಾತ್ರ ಸರಕಾರದ ಹೊಸ ಮನೆ ದೊರೆಯುತ್ತಿತ್ತು. ಮೀನುಗಾರನಿಗೆ ಇದು ಸುಲಭದ ಮಾತಲ್ಲ. ಕಡಲನ್ನು ಕಣ್ಣಿನಿಂದ ನೋಡಿಯೇ ಅವನು ಆ ದಿನ ಬಲೆ ಬೀಸಬೇಕೇ ಬೇಡವೇ ಎಂಬುದನ್ನು ನಿಶ್ಚಯಿಸುತ್ತಾನೆ. ಪ್ರಾಣರಕ್ಷಣೆಗೂ ಜೀವನೋಪಾಯಕ್ಕೂ ನಡುವೆ ಸಿಕ್ಕಿದ ಆ ಕುಟುಂಬಗಳ ಸಂಕಟವನ್ನು ದೂರದಲ್ಲಿರುವ ನಾವು ಹಗುರವಾಗಿ ಕಾಣಬಾರದು. ಆದೇಶದಲ್ಲಿದ್ದ ಒಂದು ಅಂಶ ಮಾತ್ರ ಎಲ್ಲರೂ ಮೆಚ್ಚುವಂಥದು: ಮನೆಯ ಹಕ್ಕುಪತ್ರದಲ್ಲಿ ಗಂಡನೊಡನೆ ಹೆಂಡತಿಯ ಹೆಸರೂ ಇರಬೇಕೆಂಬುದು.

ಹಲವು ಕಡೆ ಗುತ್ತಿಗೆದಾರರು ಸಾಲುಸಾಲಾಗಿ ಒಂದೇ ಅಚ್ಚಿನ ಮನೆಗಳನ್ನು ಎಬ್ಬಿಸಿದರು. ಡೇನ್ ಜನರ ಕೋಟೆಯಿಂದ ಚರಿತ್ರೆಯಲ್ಲಿ ಹೆಸರಾದ ತರಂಗಂಬಾಡಿಯಲ್ಲಿಯೂ ಚಿನ್ನಂಗುಡಿಯಲ್ಲಿಯೂ ಮೀನುಗಾರರ ಒಕ್ಕೂಟವು ಬೇರೆ ದಾರಿ ಹಿಡಿಯಿತು. ವಾಸ್ತುಶಿಲ್ಪಿ ಬೆನ್ನಿ ಕುರಿಯಾಕೋಸ್ ಅವರ ನೆರವಿನಿಂದ ಕುಟುಂಬಗಳೊಡನೆ ಕುಳಿತು ಸಮಾಲೋಚಿಸಿ ಮನೆಗಳನ್ನು ರೂಪಿಸಿತು. ತಡವಾಯಿತು ನಿಜ, ಆದರೆ ಕಟ್ಟಿದ ಮನೆಯನ್ನು ತಮ್ಮದೆಂದು ಹೇಳಿಕೊಳ್ಳಲು ಜನರಿಗೆ ಕಾರಣವಿತ್ತು.

ಕನ್ಯಾಕುಮಾರಿಯ ಕ್ರೈಸ್ತ ಹಳ್ಳಿಗಳು

ಕನ್ಯಾಕುಮಾರಿ ಜಿಲ್ಲೆಯ ಕೊಳಚ್ಚಲ್, ಕೊಟ್ಟಿಲ್ಪಾಡು, ಕೀಳ ಮಣಕುಡಿ ಮೊದಲಾದ ಹಳ್ಳಿಗಳು ಬಹುಪಾಲು ಕಥೋಲಿಕ ಮೀನುಗಾರರ ನೆಲೆಗಳು. ಆ ಜಿಲ್ಲೆಯಲ್ಲಿ ಸುಮಾರು ೮೦೦ ಮಂದಿ ಮಡಿದರು. ಮಣಕುಡಿಯ ಸೇತುವೆಯೇ ಮುರಿದು ಕೊಚ್ಚಿಹೋಯಿತು. ಅಲ್ಲಿ ಧರ್ಮಕೇಂದ್ರವೂ ಹಳ್ಳಿಯೂ ಬೇರೆಬೇರೆಯಲ್ಲ. ಊರ ಪಂಚಾಯಿತಿ ಮಾಡುವ ಕೆಲಸವನ್ನು ಅಲ್ಲಿ ವಿಚಾರಣೆಯ ಸಮಿತಿಯೇ ಮಾಡುತ್ತದೆ. ಯಾರ ಮನೆಯಲ್ಲಿ ಎಷ್ಟು ಜನ, ಯಾರು ಇಲ್ಲ, ಯಾರ ಮಗು ಅನಾಥವಾಯಿತು ಎಂಬುದನ್ನು ತಿಳಿಯಲು ಜ್ಞಾನಸ್ನಾನದ ಪುಸ್ತಕವಿತ್ತು, ನೆರೆಯವರ ನೆನಪಿತ್ತು. ಕೊಟ್ಟಾರ್ ಧರ್ಮಪ್ರಾಂತ್ಯದ ಸಮಾಜ ಸೇವಾ ಸಂಸ್ಥೆಯೂ ಧರ್ಮಭಗಿನಿಯರೂ ಯುವಜನರೂ ಆ ತಿಳಿವಳಿಕೆಯ ಆಧಾರದಿಂದ ದುಡಿದರು. ಧರ್ಮಕೇಂದ್ರವೆಂದರೆ ಗೋಡೆ ಮತ್ತು ಗಂಟೆಗೋಪುರಗಳಷ್ಟೇ ಅಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಡ.

ಮುಂದಿನ ಅಲೆಗಾಗಿ

ಪುನರ್ವಸತಿಯು ಕಳೆದುದನ್ನು ತುಂಬಿಕೊಡುವುದರಲ್ಲಿಯೇ ಮುಗಿಯುವುದಿಲ್ಲ. ಪುದುಚೇರಿಯ ನಲ್ಲವಾಡು ಗ್ರಾಮದಲ್ಲಿ ಸ್ವಾಮಿನಾಥನ್ ಪ್ರತಿಷ್ಠಾನದ ಜ್ಞಾನಕೇಂದ್ರವೊಂದಿತ್ತು. ಸಿಂಗಪುರದಲ್ಲಿದ್ದ ಊರಿನ ಮಗನೊಬ್ಬ ದೂರವಾಣಿಯಲ್ಲಿ ಎಚ್ಚರಿಸಿದ ಕೂಡಲೇ ಅಲ್ಲಿಯ ಧ್ವನಿವರ್ಧಕವು ಜನರನ್ನು ಹೊರಡಿಸಿತು. ಊರಿಗೆ ಊರೇ ಉಳಿಯಿತು. ನಾಲುವೇದಪತಿಯಲ್ಲಿ ೨೦೦೨ರಲ್ಲಿ ಗ್ರಾಮಸ್ಥರು ನೆಟ್ಟಿದ್ದ ೮೦,೦೦೦ಕ್ಕೂ ಹೆಚ್ಚು ಸಸಿಗಳ ತೋಪು ಅಲೆಯ ರಭಸವನ್ನು ತಗ್ಗಿಸಿತು. ೨೦೦೭ರ ಅಕ್ಟೋಬರಿನಲ್ಲಿ ಹೈದರಾಬಾದಿನಲ್ಲಿ ಸುನಾಮಿ ಮುನ್ಸೂಚನಾ ಕೇಂದ್ರ ಆರಂಭವಾಯಿತು. ೨೦೧೮ರ ನವೆಂಬರ್ ೧೬ರಂದು ಗಜ ಚಂಡಮಾರುತವು ಅದೇ ನಾಗಪಟ್ಟಣದ ದಡವನ್ನು ಹೊಡೆದಾಗ ಸಾವಿರಾರು ಜನರನ್ನು ಮೊದಲೇ ಸುರಕ್ಷಿತ ಸ್ಥಳಗಳಿಗೆ ಸಾಗಿಸಲಾಗಿತ್ತು. ಮರಗಳೂ ಮನೆಗಳೂ ಉರುಳಿದುವು, ಜೀವಹಾನಿಯೂ ಆಯಿತು. ಆದರೆ ೨೦೦೪ರಂತೆ ಏನೂ ಅರಿಯದೆ ಜನರು ಸಾವಿರಗಟ್ಟಲೆ ಮಡಿಯಲಿಲ್ಲ.

ನಮ್ಮ ಕನ್ನಡ ನಾಡಿಗೂ ಇದು ಹೊರಗಿನ ಕಥೆಯಲ್ಲ. ಘಟ್ಟದ ಕೆಳಗಿನ ಬಂಟ್ವಾಳ ಪಾಣೆಮಂಗಳೂರುಗಳಲ್ಲಿ ೧೯೨೩ರ ಮತ್ತು ೧೯೭೪ರ ನೇತ್ರಾವತಿಯ ನೆರೆಗಳನ್ನು ಹಿರಿಯರು ತಲೆಮಾರುಗಳವರೆಗೆ ನೆನೆದರು. ಇಲ್ಲಿ ನಮ್ಮ ಕೆರೆಗೆ ಹೂಳಿನ ಮತ್ತು ಒತ್ತುವರಿಯ ಕಾಟವುಂಟು. ನೀರಿಗೆ ಸಲ್ಲಬೇಕಾದ ಜಾಗವನ್ನು ನೀರಿಗೇ ಬಿಡುವುದು ನೆರೆಯ ದಿನಕ್ಕೂ ಬರಗಾಲದ ದಿನಕ್ಕೂ ಒಂದೇ ಮದ್ದು.

ಪ್ರಿಯ ಭಕ್ತಾದಿಗಳೇ, ನೂರು ವರ್ಷಗಳ ಹಿಂದೆ ನಮ್ಮ ಹಿರಿಯರು ಕಲ್ಲು ಹೊತ್ತು, ಸುಣ್ಣ ಕಲಸಿ ಈ ದೇವಾಲಯವನ್ನು ಎತ್ತಿದರು. ಹಬ್ಬದ ಸಡಗರದ ನಡುವೆ ಒಂದು ಕಾರ್ಯವನ್ನು ನಿಮ್ಮ ಮುಂದಿಡುತ್ತೇವೆ. ಪ್ರತಿಯೊಂದು ವಠಾರದಲ್ಲಿಯೂ ಒಂಟಿಯಾಗಿ ಬಾಳುವ ಮುದುಕರು, ಕೂಲಿಯವರು, ಹೊಸದಾಗಿ ಬಂದು ನೆಲೆಸಿದವರು ಯಾರೆಂಬುದನ್ನು ಈ ವರ್ಷವೇ ಬರೆದಿಡೋಣ. ಅವರು ಯಾವ ಮತದವರೆಂದು ಕೇಳದೆ ಬರೆಯೋಣ. ವಿಪತ್ತು ಬಂದ ಮೇಲೆ ಮಾಡಿದ ಪಟ್ಟಿಯಲ್ಲಿ ಬಡವನ ಹೆಸರು ತಪ್ಪಿಹೋಗುತ್ತದೆ. ವೇಳಾಂಗಣಿಯಲ್ಲಿಯೂ ಹರಿಹರದಲ್ಲಿಯೂ ರೋಗಿಗಳನ್ನು ಸಂತೈಸುವ ಆರೋಗ್ಯಮಾತೆಯು ಮಡಿದವರಿಗೆ ನಿತ್ಯಶಾಂತಿಯನ್ನೂ ನಮಗೆ ಒಬ್ಬರನ್ನೊಬ್ಬರು ಕಾಯುವ ಮನಸ್ಸನ್ನೂ ದೊರಕಿಸಿಕೊಡಲೆಂದು ಪ್ರಾರ್ಥಿಸುತ್ತೇವೆ.