ಲಗ್ಗೆರೆಯ ಸಾರಾಯಿ ಅಂಗಡಿ

2007ರ ಜೂನ್ 30ರ ರಾತ್ರಿ ಕರ್ನಾಟಕದ ಸಾರಾಯಿ ಅಂಗಡಿಗಳೆಲ್ಲ ಕೊನೆಯ ಸಲ ಬಾಗಿಲು ಹಾಕಿದವು. ಬೆಂಗಳೂರಿನ ಲಗ್ಗೆರೆ, ಪೀಣ್ಯ, ಹೆಗ್ಗನಹಳ್ಳಿ, ಸುಂಕದಕಟ್ಟೆ ಸುತ್ತಿನ ಅಂಗಡಿಗಳೂ ಅವುಗಳ ಜೊತೆಗೇ ಮುಚ್ಚಿದವು. ಅಬಕಾರಿ ಇಲಾಖೆಯ ವರ್ಷ ಜುಲೈ 1ಕ್ಕೆ ಶುರುವಾಗಿ ಜೂನ್ 30ಕ್ಕೆ ಮುಗಿಯುತ್ತದೆ. ಹರಾಜಿನಲ್ಲಿ ಅಂಗಡಿ ಹಿಡಿದ ಗುತ್ತಿಗೆದಾರರ ಅವಧಿ ತೀರುವ ದಿನಕ್ಕೇ ಸರ್ಕಾರ ನಿಷೇಧವನ್ನು ಹೊಂದಿಸಿತ್ತು. ಎಚ್.ಡಿ. ಕುಮಾರಸ್ವಾಮಿಯವರು ಮುಖ್ಯಮಂತ್ರಿಯಾಗಿ, ಹಣಕಾಸು ಖಾತೆಯ ಬಿ.ಎಸ್. ಯಡಿಯೂರಪ್ಪನವರು ಉಪಮುಖ್ಯಮಂತ್ರಿಯಾಗಿ ಇದ್ದ ಸಮ್ಮಿಶ್ರ ಸರ್ಕಾರದ ತೀರ್ಮಾನ ಅದು. ನಮ್ಮ ಕಡೆಯ ಅಂಗಡಿಯ ಶೀಟು, ಕಂಬಗಳನ್ನು ಸ್ವಲ್ಪ ದಿನದಲ್ಲೇ ಬಿಚ್ಚಿದರು. ಈಗ ಅಲ್ಲಿ ಕೆಳಗೆ ಮಳಿಗೆ, ಮೇಲೆ ಬಾಡಿಗೆ ಮನೆಗಳಿರುವ ಕಟ್ಟಡ ನಿಂತಿದೆ.

ಇಂಥ ಸ್ಮರಣ ಸಂಚಿಕೆ ಅಂದ ಮೇಲೆ ಊರ ದೇವಸ್ಥಾನ, ಸರ್ಕಾರಿ ಶಾಲೆ, ಗಣೇಶೋತ್ಸವ, ರಾಜ್ಯೋತ್ಸವದ ಬಗ್ಗೆ ಬರೆಯುತ್ತೇವೆ, ಬರೆಯಲೇಬೇಕು. ಸಾರಾಯಿ ಅಂಗಡಿಯ ಬಗ್ಗೆ ಯಾರೂ ಬರೆಯುವುದಿಲ್ಲ. ಅದರ ಹೆಸರೆತ್ತಿದರೆ ಮನೆತನಕ್ಕೆ ಕೆಟ್ಟ ಹೆಸರು ಬರುತ್ತದೆಂಬ ಅಂಜಿಕೆ ನಮಗಿದೆ. ಆದರೆ ಪೀಣ್ಯದ ಶೆಡ್ಡುಗಳಲ್ಲಿ ದುಡಿದು ಈ ಬಡಾವಣೆಗಳನ್ನು ಕಟ್ಟಿದ ಗಂಡಸರು ಸಂಜೆ ಎಲ್ಲಿ ಸೇರುತ್ತಿದ್ದರು, ಅವರ ಸಂಬಳ ಎಲ್ಲಿ ಕರಗಿತು, ಅವರ ಹೆಂಡಂದಿರು ಎಲ್ಲಿ ಕಾದು ನಿಂತರು ಎಂಬುದನ್ನು ಬಿಟ್ಟರೆ ಲಗ್ಗೆರೆಯ ಚರಿತ್ರೆ ಅರ್ಧವೇ ಆದೀತು. ಆ ಅಂಗಡಿಯನ್ನು ಹೊಗಳುವ ಉದ್ದೇಶ ನನಗಿಲ್ಲ. ಅದು ಇತ್ತು ಎಂಬುದನ್ನು ದಾಖಲೆಯಲ್ಲಿ ಉಳಿಸಬೇಕು ಎಂಬುದಷ್ಟೇ ನನ್ನ ಹಟ.

ಸಾರಾಯಿಗಿಂತ ಹಿಂದೆ ಹೆಂಡ ಇತ್ತು. ಬೆಂಗಳೂರಿನ ಸುತ್ತಲ ಹಳ್ಳಿಗಳ ಹಳ್ಳಕೊಳ್ಳ, ಕೆರೆಯಂಗಳಗಳಲ್ಲಿ ಈಚಲ ಮರಗಳು ತಾವಾಗಿ ಬೆಳೆಯುತ್ತಿದ್ದವು. ಈಡಿಗರು ಮರಕ್ಕೆ ಕಚ್ಚು ಹಾಕಿ, ಗಡಿಗೆ ಕಟ್ಟಿ ಹೆಂಡ ಇಳಿಸುತ್ತಿದ್ದರು. ಬೆಳಿಗ್ಗೆ ಇಳಿಸಿದ್ದು ಸಿಹಿ, ಹೊತ್ತೇರಿದಂತೆ ಹುಳಿ, ಸಂಜೆಗೆ ಅಮಲು. ಜಿ.ಪಿ. ರಾಜರತ್ನಂ ತಮ್ಮ ‘ರತ್ನನ ಪದಗಳು’ ಸಂಕಲನದಲ್ಲಿ ಬರೆದದ್ದು ಈ ಹೆಂಡದಂಗಡಿಯ ಲೋಕವನ್ನು. 1930ರ ದಶಕದಲ್ಲಿ ಒಬ್ಬ ಮೇಷ್ಟ್ರು, ಸ್ವತಃ ಕುಡಿಯದವರು, ಕುಡುಕನೊಬ್ಬನ ಬಾಯಲ್ಲಿ ಅವನದೇ ಆಡುಮಾತನ್ನಿಟ್ಟು ಪ್ರೀತಿ, ಸಂಸಾರ, ಕನ್ನಡ ಮೂರನ್ನೂ ಹಾಡಿಸಿದರು. ಮುಂದೆ ಮೈಸೂರು ಅನಂತಸ್ವಾಮಿಯವರ ದನಿಯಲ್ಲಿ ಆ ಪದಗಳು ಮನೆಮನೆಗೆ ಹೋದವು. ಪಡಖಾನೆಯ ಬೆಂಚಿನ ಮೇಲೆ ಕೂತವನಿಗೂ ಒಂದು ಮನಸ್ಸಿದೆ ಎಂದು ಓದು ಬಲ್ಲ ಕನ್ನಡಿಗರು ಒಪ್ಪಿಕೊಂಡದ್ದು ಆ ಪುಸ್ತಕದಿಂದ ಎಂದೇ ನನ್ನ ನಂಬಿಕೆ. ನಗರ ಹಬ್ಬಿ ಈಚಲ ಮರಗಳು ಬಡಾವಣೆಗಳಡಿ ಹೋದವು. 2004ರ ಹೊತ್ತಿಗೆ ಕರಾವಳಿ ಬಿಟ್ಟು ರಾಜ್ಯದ ಬೇರೆಡೆ ಹೆಂಡದ ಮಾರಾಟವೇ ನಿಂತಿತು. ಮರ ಹತ್ತುತ್ತಿದ್ದವರ ಕಸುಬು ಅಲ್ಲಿಗೆ ಮುಗಿಯಿತು.

ರಾಜ್ಯದ ಹಲವು ಜಿಲ್ಲೆಗಳಲ್ಲಿದ್ದ ಪಾನನಿಷೇಧ 1967ರಲ್ಲಿ ತೆರವಾಯಿತು. ಅಲ್ಲಿಂದ ಸಾರಾಯಿ ಹರಾಜು ಸರ್ಕಾರದ ಬೊಕ್ಕಸಕ್ಕೂ ರಾಜಕೀಯಕ್ಕೂ ದೊಡ್ಡ ಆಸರೆಯಾಯಿತು. ವರ್ಷಕ್ಕೊಮ್ಮೆ ಸವಾಲು ಕೂಗುತ್ತಿದ್ದರು. ಹೆಚ್ಚು ಕೂಗಿದವನಿಗೆ ಅಂಗಡಿಗಳ ಹಕ್ಕು. ಅವನಿಂದ ಒಳಗುತ್ತಿಗೆ ಹಿಡಿದವರು ಬೀದಿಯ ಅಂಗಡಿ ನಡೆಸುತ್ತಿದ್ದರು. ಕೂಗಿದ ಹಣವನ್ನು ವರ್ಷದೊಳಗೆ ಎತ್ತಬೇಕಾದ್ದರಿಂದ ಗುತ್ತಿಗೆದಾರನಿಗೆ ಒಂದೊಂದು ದಿನವೂ ಲೆಕ್ಕವೇ. ಅಂಗಡಿ ಬೆಳಗಾಗುವ ಮೊದಲೇ ತೆರೆಯುತ್ತಿದ್ದುದೂ, ಸಾಲ ಕೊಟ್ಟು ಕುಡಿಸುತ್ತಿದ್ದುದೂ, ಹಳ್ಳಿಗಳ ಕಿರಾಣಿ ಅಂಗಡಿವರೆಗೂ ಸಾರಾಯಿ ಹರಿದದ್ದೂ ಈ ಲೆಕ್ಕದಿಂದಲೇ. ಕುಡಿಯುವವನ ಚಟವನ್ನು ಮಾತ್ರ ಬೈಯುವವರು ಈ ಹರಾಜಿನ ಪದ್ಧತಿಯನ್ನು ಮರೆಯಬಾರದು.

ಇದೇ ಹೊತ್ತಿಗೆ ನಮ್ಮ ಕಡೆ ಕಾರ್ಖಾನೆಗಳು ಹೆಚ್ಚಿದವು. ರಾಜಾಜಿನಗರದ ಕೈಗಾರಿಕಾ ವಸಾಹತು, ಮೈಸೂರು ಲ್ಯಾಂಪ್ಸ್, ಸಾಬೂನು ಕಾರ್ಖಾನೆ, ಜಾಲಹಳ್ಳಿಯ ಎಚ್‌ಎಂಟಿ ಮತ್ತು ಬಿಇಎಲ್ ಮೊದಲೇ ಇದ್ದವು. 1970ರ ದಶಕದಲ್ಲಿ ಪೀಣ್ಯ ಬೆಳೆಯತೊಡಗಿತು. ಪೀಣ್ಯ ಕೈಗಾರಿಕೆಗಳ ಸಂಘ ಹುಟ್ಟಿದ್ದು 1978ರಲ್ಲಿ. ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡುವ ಸಾವಿರಾರು ಸಣ್ಣ ಶೆಡ್ಡುಗಳು, ಲೇತ್, ಮಿಲ್ಲಿಂಗ್, ಡ್ರಿಲ್ಲಿಂಗ್, ಪ್ಲೇಟಿಂಗ್, ಪೌಡರ್ ಕೋಟಿಂಗ್. ಕುಣಿಗಲ್, ಮಾಗಡಿ, ತುಮಕೂರು, ಮಂಡ್ಯ, ಹಾಸನದಿಂದ, ಆಮೇಲೆ ಉತ್ತರ ಕರ್ನಾಟಕದಿಂದ ಹುಡುಗರು ಬಂದು ಲಗ್ಗೆರೆ, ರಾಜಗೋಪಾಲನಗರ, ಹೆಗ್ಗನಹಳ್ಳಿಯ ವಠಾರಗಳಲ್ಲಿ ಬಾಡಿಗೆ ಹಿಡಿದರು. ದೊಡ್ಡ ಸಾರ್ವಜನಿಕ ಉದ್ದಿಮೆಗಳಲ್ಲಿ ಕ್ಯಾಂಟೀನು, ಕ್ವಾರ್ಟರ್ಸು, ಕ್ಲಬ್ಬು, ಕನ್ನಡ ಸಂಘ, ನಾಟಕದ ತಂಡ ಎಲ್ಲವೂ ಇದ್ದವು. ಪೀಣ್ಯದ ಶೆಡ್ಡಿನಲ್ಲಿ ಯಂತ್ರ ಬಿಟ್ಟರೆ ಒಂದು ನಲ್ಲಿ ಇದ್ದರೆ ಹೆಚ್ಚು. ಶಿಫ್ಟ್ ಮುಗಿದ ಮೇಲೆ ಹತ್ತಡಿ ಕೋಣೆಯಲ್ಲಿ ನಾಲ್ಕು ಜನ. ಸಂಜೆ ಹೊತ್ತು ಕೂರಲು ಜಾಗ ಎಂಬುದಿದ್ದರೆ ಅದು ಸಾರಾಯಿ ಅಂಗಡಿ.

ಅದು ಹೇಗಿತ್ತು ಎಂದು ಈಗಿನ ಮಕ್ಕಳಿಗೆ ಹೇಳಬೇಕು. ಸಿಮೆಂಟು ಶೀಟಿನ ಮಾಡು, ಮಣ್ಣಿನ ನೆಲ, ಗೋಡೆಗಂಟಿದ ಕಲ್ಲಿನ ಚಪ್ಪಡಿಯೇ ಬೆಂಚು. ಕೌಂಟರಿಗೆ ಕಬ್ಬಿಣದ ಜಾಲರಿ, ದುಡ್ಡು ತೂರಿಸಲು ಕೈಯಗಲ ಕಿಂಡಿ. ಮೊದಮೊದಲು ಅಳತೆ ಲೋಟದಲ್ಲಿ ಹೊಯ್ದು ಕೊಡುತ್ತಿದ್ದರು, ಆಮೇಲೆ ಪ್ಲಾಸ್ಟಿಕ್ ಪ್ಯಾಕೆಟ್ ಬಂತು. ಪ್ಯಾಕೆಟ್ಟಿನ ಮೂಲೆಯನ್ನು ಹಲ್ಲಿನಲ್ಲಿ ಕಚ್ಚಿ, ಲೋಟಕ್ಕೆ ಹಿಂಡಿ, ನೀರು ಬೆರೆಸಿ ಒಂದೇ ಗುಟುಕಿಗೆ ಇಳಿಸುವವರೇ ಹೆಚ್ಚು. ರುಚಿಗೆಂದು ಯಾರೂ ಕುಡಿಯುತ್ತಿರಲಿಲ್ಲ. ಬಾಯಿಗೆ ಉಪ್ಪಿನಕಾಯಿ ಸವರಿಕೊಂಡರೆ ಆಯಿತು. ಹೊರಗೆ ಸೀಮೆಎಣ್ಣೆ ಸ್ಟೌವ್ ಇಟ್ಟುಕೊಂಡ ಹೆಂಗಸರು ಬೋಟಿ ಗೊಜ್ಜು, ಬೇಯಿಸಿದ ಮೊಟ್ಟೆ, ಹುರಿದ ಮೀನು, ಕಡಲೆಬೀಜ ಮಾರುತ್ತಿದ್ದರು. ಅಂಗಡಿಯ ದುಡ್ಡು ಗುತ್ತಿಗೆದಾರನಿಗೆ ಹೋಗುತ್ತಿತ್ತು, ಈ ಒಲೆಗಳ ದುಡ್ಡು ಮಾತ್ರ ಲಗ್ಗೆರೆಯಲ್ಲೇ ಉಳಿಯುತ್ತಿತ್ತು. ಗಂಡ ಕುಡಿದು ಕಳೆದದ್ದನ್ನು ಅದೇ ಅಂಗಡಿಯ ಮುಂದೆ ಬೋಟಿ ಮಾರಿ ದುಡಿದು ಮಕ್ಕಳನ್ನು ಓದಿಸಿದ ತಾಯಂದಿರು ನಮ್ಮ ಬೀದಿಗಳಲ್ಲೇ ಇದ್ದರು. ಅವರಿಗೆ ಯಾವ ಸಂಚಿಕೆಯೂ ಇನ್ನೂ ಗೌರವ ಸಲ್ಲಿಸಿಲ್ಲ.

ಅಲ್ಲಿ ಆಡುತ್ತಿದ್ದ ಮಾತು ಬಹಳ ಮಟ್ಟಿಗೆ ಕೆಲಸದ ಮಾತು. ಯಾವ ಶೆಡ್ಡಿಗೆ ಟರ್ನರ್ ಬೇಕು, ಯಾವ ಮಾಲೀಕ ಓಟಿ ಕೊಡದೆ ಸತಾಯಿಸುತ್ತಾನೆ, ಪವರ್ ಪ್ರೆಸ್ಸಿಗೆ ಬೆರಳು ಕೊಟ್ಟವನಿಗೆ ಇಎಸ್ಐ ಆಸ್ಪತ್ರೆಯಲ್ಲಿ ಏನಾಯಿತು, ಯಾರ ಊರಿನಲ್ಲಿ ಮಳೆಯಾಯಿತು. ಊರಿನಿಂದ ಹೊಸದಾಗಿ ಬಂದ ಹುಡುಗನನ್ನು ‘ನಮ್ಮ ಕಡೆಯವ್ನು ಕಣಣ್ಣ, ಎಲ್ಲಾದ್ರೂ ಹಾಕ್ಸಣ್ಣ’ ಎಂದು ಕರೆದು ತಂದು ಕೂರಿಸುತ್ತಿದ್ದರು. ಆ ಹುಡುಗನಿಗೆ ಕೆಲಸವೂ ಅಲ್ಲೇ ಸಿಗುತ್ತಿತ್ತು, ಚಟವೂ ಅಲ್ಲೇ ಅಂಟುತ್ತಿತ್ತು. ಎರಡನ್ನೂ ಸೇರಿಸಿಯೇ ಹೇಳಬೇಕು.

ಬಟವಾಡೆಯ ದಿನ ಚಿತ್ರ ಬೇರೆ. ಅಂದು ಅಂಗಡಿಗೆ ಸ್ವಲ್ಪ ದೂರದಲ್ಲಿ, ತಿರುವಿನ ಹತ್ತಿರ ಹೆಂಗಸರು ನಿಲ್ಲುತ್ತಿದ್ದರು. ಕಂಕುಳಲ್ಲಿ ಮಗು, ಕೈಯಲ್ಲಿ ರೇಷನ್ ಚೀಲ. ಒಳಗೆ ಹೋಗುವ ಮೊದಲೇ ಗಂಡನನ್ನು ತಡೆದು ಸಂಬಳದ ಕವರ್ ಇಸಿದುಕೊಂಡರೆ ಆ ತಿಂಗಳ ಬಾಡಿಗೆ, ಅಕ್ಕಿ, ಚೀಟಿ ಕಟ್ಟುವ ದುಡ್ಡು ಉಳಿಯುತ್ತಿತ್ತು. ತಪ್ಪಿದರೆ ಕಿವಿಯೋಲೆ ಗಿರವಿ ಅಂಗಡಿಗೆ. ಸಂಬಳ ತಂದುಕೊಡುತ್ತಿದ್ದ ಗಂಡಸರೂ ಇದ್ದರು. ಅವರನ್ನು ಕುಡುಕರ ಲೆಕ್ಕಕ್ಕೆ ಸೇರಿಸಿ ಬರೆಯುವುದು ಅನ್ಯಾಯ. ಆದರೆ ಆ ತಿರುವಿನಲ್ಲಿ ನಿಂತಿದ್ದವರ ಸಂಖ್ಯೆ ಸಣ್ಣದಾಗಿರಲಿಲ್ಲ.

1981 ಈ ಕಥೆಯ ಕರಾಳ ವರ್ಷ. ಹಿಂದಿನ ವರ್ಷದ ಕೊನೆಯಿಂದ ಅದರ ಮೊದಲ ತಿಂಗಳುಗಳವರೆಗೆ ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳ ನೌಕರರು 77 ದಿನಗಳ ದೊಡ್ಡ ಮುಷ್ಕರ ನಡೆಸಿದ್ದರು. ದೊಡ್ಡ ಕಾರ್ಖಾನೆಗಳನ್ನೇ ನೆಚ್ಚಿಕೊಂಡಿದ್ದ ಸಣ್ಣ ಶೆಡ್ಡುಗಳಿಗೂ ಅದರ ಬಿಸಿ ತಟ್ಟಿತು. ಮುಷ್ಕರ ಮುಗಿದು ಕೆಲವೇ ತಿಂಗಳಲ್ಲಿ, ಜುಲೈನಲ್ಲಿ, ನಗರದಲ್ಲಿ ಕಲಬೆರಕೆ ಮದ್ಯ ಕುಡಿದು ಸುಮಾರು 300 ಜನ ಸತ್ತರು. ಅಗ್ಗದ ಮದ್ಯಕ್ಕೆ ಮೀಥೈಲ್ ಆಲ್ಕೋಹಾಲ್ ಬೆರೆತಿತ್ತು. ಬಣ್ಣ, ವಾರ್ನಿಷ್ ತಯಾರಿಕೆಯಲ್ಲಿ ಬಳಸುವ ಈ ದ್ರವಕ್ಕೆ ಕುಡಿಯುವ ಮದ್ಯದಂಥದೇ ನೋಟ, ಹೆಚ್ಚುಕಡಿಮೆ ಅಂಥದೇ ವಾಸನೆ. ಆದರೆ ಯಕೃತ್ತು ಅದನ್ನು ಒಡೆದಾಗ ಫಾರ್ಮಿಕ್ ಆಮ್ಲವಾಗುತ್ತದೆ. ಅದು ಕಣ್ಣಿನ ನರವನ್ನು ಹಾಳುಗೆಡವುತ್ತದೆ, ರಕ್ತವನ್ನು ಆಮ್ಲಮಯ ಮಾಡಿ ಉಸಿರಾಟ ನಿಲ್ಲಿಸುತ್ತದೆ. ಕುಡಿದ ಕೂಡಲೇ ಏನೂ ಗೊತ್ತಾಗುವುದಿಲ್ಲ. ಗಂಟೆಗಳು ಕಳೆದ ಮೇಲೆ ಕಣ್ಣು ಮಂಜಾಗುತ್ತದೆ, ಹೊಟ್ಟೆ ಕಿವುಚುತ್ತದೆ. ಆಸ್ಪತ್ರೆಗೆ ಹೊತ್ತು ತರುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಸತ್ತವರು ಅಗ್ಗದ ಮದ್ಯವನ್ನೇ ನಂಬಿದ್ದ ಕೂಲಿಕಾರರು, ಬಡವರು. ಅವರಿಗೆ ಈ ನಗರದಲ್ಲಿ ಒಂದು ಸ್ಮಾರಕ ಕಲ್ಲಾದರೂ ಇರಬೇಕಿತ್ತು.

ಬಿಡಿಯಾಗಿ ಹೊಯ್ದು ಮಾರಿದರೆ ಕಲಬೆರಕೆ ಸುಲಭ, ಮುಚ್ಚಿ ಸೀಲು ಹಾಕಿ ಮಾರಿದರೆ ಕಷ್ಟ. ಹಾಗಾಗಿ ಸಾರಾಯಿಯನ್ನು ತುಂಬಿ ಸೀಲು ಮಾಡುವ ಗುತ್ತಿಗೆಯೇ ಕೋಟಿಗಟ್ಟಲೆಯ ವ್ಯವಹಾರವಾಯಿತು. ಸಾರಾಯಿ ಬಾಟ್ಲಿಂಗ್ ಗುತ್ತಿಗೆಯನ್ನು ನಿರ್ವಹಿಸಿದ ರೀತಿಗೆ ಹೈಕೋರ್ಟು ಛೀಮಾರಿ ಹಾಕಿದ್ದರಿಂದ 1986ರ ಫೆಬ್ರುವರಿ 13ರಂದು ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಸ್ಥಾನಕ್ಕೇ ರಾಜೀನಾಮೆ ಕೊಟ್ಟು, ಮೂರು ದಿನದ ನಂತರ ಹಿಂದಕ್ಕೆ ಪಡೆದರು. ಲಗ್ಗೆರೆಯ ಕೂಲಿಯವನು ಕುಡಿಯುತ್ತಿದ್ದ ಸರಕು ವಿಧಾನಸೌಧವನ್ನೂ ಅಲ್ಲಾಡಿಸಬಲ್ಲದಾಗಿತ್ತು.

ಅದೇ 1980ರ ದಶಕದಲ್ಲಿ ದಂಡಿನ (ಕಂಟೋನ್ಮೆಂಟಿನ) ಕಡೆ ಪಬ್ಬುಗಳು ಶುರುವಾದವು. ಚರ್ಚ್ ಸ್ಟ್ರೀಟು, ಬ್ರಿಗೇಡ್ ರಸ್ತೆಗಳಲ್ಲಿ ಮಗ್ಗಿನಲ್ಲಿ ಬಿಯರ್, ಗಿಟಾರು. ಪತ್ರಿಕೆಗಳು ಬೆಂಗಳೂರನ್ನು ಪಬ್ಬುಗಳ ನಗರ ಎಂದು ಹಾಡಿ ಹೊಗಳಿದವು. ರೆಸಿಡೆನ್ಸಿ ರಸ್ತೆಯ ವಿಕ್ಟೋರಿಯಾ ಹೋಟೆಲನ್ನು ಕೆಡವಿ ಅಲ್ಲಿ ಬೆಂಗಳೂರು ಸೆಂಟ್ರಲ್ ಮಾಲ್ ಎದ್ದಾಗ, ಮರದ ನೆರಳಿನಲ್ಲಿ ಬಿಯರ್ ಕುಡಿಯುತ್ತಿದ್ದ ಸಂಜೆಗಳನ್ನು ನೆನೆದು ಎಷ್ಟೋ ಜನ ಮರುಗಿದರು. ವಿಠಲ್ ಮಲ್ಯ ರಸ್ತೆಯಲ್ಲಿ ಯುನೈಟೆಡ್ ಬ್ರೂವರೀಸ್‌ನ ಹಳೆಯ ಬಿಯರ್ ಕಾರ್ಖಾನೆ ಇದ್ದ ನೆಲದ ಮೇಲೆ ಯುಬಿ ಸಿಟಿ ಬಂದಾಗಲೂ ಹಳೆಯ ಬೆಂಗಳೂರಿನ ಮಾತು ಬಂತು. ಆ ಮರುಕ ಸುಳ್ಳಲ್ಲ. ಒಂದು ಊರು ತನ್ನ ಹಳೆಯ ಕೂಟದ ಜಾಗ ಕಳೆದುಕೊಂಡಾಗ ನೋವಾಗುವುದು ಸಹಜ. ಸಾರಾಯಿ ಅಂಗಡಿಯ ಬೆಂಚಿನಲ್ಲಿ ಕೂತವರಿಗೂ ಅದು ಕೂಟದ ಜಾಗವೇ ಆಗಿತ್ತು, ಅವರ ನೆನಪನ್ನು ಮಾತ್ರ ಯಾರೂ ಬರೆಸಿಕೊಳ್ಳಲಿಲ್ಲ.

ಸಾರಾಯಿ ಅಂಗಡಿಗಳನ್ನು ಮುಚ್ಚಿಸಿದ ಕೀರ್ತಿ ಸರ್ಕಾರದ್ದಷ್ಟೇ ಅಲ್ಲ. ಪಕ್ಕದ ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟದಲ್ಲಿ ಎದ್ದ ಹೆಂಗಸರ ಸಾರಾಯಿ ವಿರೋಧಿ ಹೋರಾಟ 1990ರ ದಶಕದ ಆರಂಭದಲ್ಲೇ ಅಲ್ಲಿ ಸಾರಾಯಿ ನಿಷೇಧ ತಂದಿತ್ತು. ಅದರ ಸುದ್ದಿ ಇಲ್ಲಿಗೂ ಮುಟ್ಟಿತು. 2000ನೇ ಇಸವಿಯಲ್ಲಿ ಶುರುವಾದ ಸ್ತ್ರೀಶಕ್ತಿ ಯೋಜನೆಯ ಸಂಘಗಳಲ್ಲಿ ವಾರಕ್ಕೊಮ್ಮೆ ಕೂತ ಹೆಂಗಸರು ಉಳಿತಾಯದ ಜೊತೆಗೆ ಅಂಗಡಿಯ ಮಾತನ್ನೂ ಆಡಿದರು. ಅಷ್ಟರಲ್ಲಿ ಪೀಣ್ಯದ ತುಂಬ ಗಾರ್ಮೆಂಟ್ ಫ್ಯಾಕ್ಟರಿಗಳು ಬಂದು, ಲಗ್ಗೆರೆಯ ಹೆಂಗಸರ ಕೈಗೂ ತಿಂಗಳ ಸಂಬಳ ಬರತೊಡಗಿತ್ತು. ತಿರುವಿನಲ್ಲಿ ಕಾದು ನಿಲ್ಲುವುದನ್ನು ಬಿಟ್ಟು ಅಂಗಡಿಯನ್ನೇ ಎತ್ತಿಸಿ ಎಂದು ಕೇಳುವ ಧೈರ್ಯ ಬಂದದ್ದು ಆ ಸಂಬಳದಿಂದ ಎಂದು ನಾನು ತಿಳಿದಿದ್ದೇನೆ.

ನಿಷೇಧ ಬಂದ ವರ್ಷವೇ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯೂ ಹುಟ್ಟಿತು. 7 ನಗರಸಭೆ, 1 ಪುರಸಭೆ, 110 ಹಳ್ಳಿಗಳು ಬೆಂಗಳೂರಿಗೆ ಸೇರಿದವು. ಹೊರವರ್ತುಲ ರಸ್ತೆಯಂಚಿನ ಜಾಗದ ಬೆಲೆ ಏರಿತು. ಶೀಟಿನ ಅಂಗಡಿ ತೆರವಾಗಿದ್ದ ನಿವೇಶನಕ್ಕೆ ಕಟ್ಟಡ ಬರಲು ತಡವಾಗಲಿಲ್ಲ. ಕುಡಿಯುವವರ ಪಾಡು ಬೇರೆ. ಅಂಗಡಿ ಹೋದರೂ ಬಾಯಾರಿಕೆ ಉಳಿಯಿತು. ವರ್ಷ ತುಂಬುವ ಮೊದಲೇ, 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಮತ್ತು ತಮಿಳುನಾಡಿನ ಗಡಿ ಸೀಮೆಯಲ್ಲಿ ಕಳ್ಳ ಮದ್ಯ ಕುಡಿದು 150ಕ್ಕೂ ಹೆಚ್ಚು ಜನ ಸತ್ತರು. ಮತ್ತೆ ಅದೇ ಮೀಥೈಲ್ ಆಲ್ಕೋಹಾಲ್. ಉಳಿದವರು ವೈನ್ ಸ್ಟೋರಿಗೆ ಹೋದರು. ಸಾರಾಯಿ ಪ್ಯಾಕೆಟ್ಟಿನ ಜಾಗಕ್ಕೆ ಅಗ್ಗದ ವಿಸ್ಕಿಯ 90 ಎಂಎಲ್ ಪೊಟ್ಟಣ ಬಂತು, ಬೆಲೆ ಮಾತ್ರ ಹೆಚ್ಚು. ಸಂಬಳದಲ್ಲಿ ಮನೆಗೆ ಬರುವ ಪಾಲು ಮತ್ತೆ ಇಳಿಯಿತು. ಸಾರಾಯಿ ನಿಷೇಧ ಸರಿ ಎಂದೇ ನಾನು ಹೇಳುತ್ತೇನೆ. ಅಲ್ಲಿಗೇ ನಿಂತು, ಅದೇ ಬಡವನ ದುಡ್ಡನ್ನು ಇನ್ನೊಂದು ಬಾಗಿಲಿನಿಂದ ಬೊಕ್ಕಸಕ್ಕೆ ತುಂಬಿಸಿಕೊಂಡದ್ದು ಸರಿಯಲ್ಲ. 2024–25ರ ಬಜೆಟ್ಟಿನಲ್ಲಿ ರಾಜ್ಯ ಅಬಕಾರಿಯಿಂದ ನಿರೀಕ್ಷಿಸಿದ ವರಮಾನ 38,525 ಕೋಟಿ ರೂಪಾಯಿ.

ವೈನ್ ಸ್ಟೋರು, ಬಾರುಗಳಿಗೆ 1992ರ ನಂತರ ದಶಕಗಳ ಕಾಲ ಹೊಸ ಲೈಸೆನ್ಸ್ ಕೊಡಲಿಲ್ಲ. ಹಾಗಾಗಿ ಇದ್ದ ಲೈಸೆನ್ಸ್‌ಗಳೇ ಕೈ ಬದಲಾಯಿಸಿದವು, ಬೀದಿಯಿಂದ ಬೀದಿಗೆ ಹೋದವು. ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯ ಮಾರಬಾರದೆಂದು ಸುಪ್ರೀಂ ಕೋರ್ಟ್ 2016ರ ಡಿಸೆಂಬರ್‌ನಲ್ಲಿ ಹೇಳಿದಾಗ ತುಮಕೂರು ರಸ್ತೆಯಂಥ ಹೆದ್ದಾರಿ ಬದಿಯ ಬಾರುಗಳು ವಸತಿ ಬೀದಿಗಳ ಒಳಕ್ಕೆ ಬರುತ್ತವೆಂಬ ಆತಂಕ ಹುಟ್ಟಿತು. ನಗರದೊಳಗಿನ ಅಂಗಡಿಗಳಿಗೆ ಆ ಆದೇಶ ಅಡ್ಡಿಯಲ್ಲವೆಂದು 2017ರ ಜುಲೈನಲ್ಲಿ ನ್ಯಾಯಾಲಯವೇ ಸ್ಪಷ್ಟಪಡಿಸಿತು.

ಪೀಣ್ಯದ ಮೊದಲ ತಲೆಮಾರಿನ ಟರ್ನರು, ಫಿಟ್ಟರುಗಳಿಗೆ ಈಗ ಎಪ್ಪತ್ತು ದಾಟಿದೆ. ಕುಡಿತದಿಂದ ಬೇಗ ಹೋದವರು ಬಹಳ. ಉಳಿದವರು ಬೆಳಿಗ್ಗೆ ಮೊಮ್ಮಕ್ಕಳನ್ನು ಶಾಲೆಗೆ ಬಿಟ್ಟು ಬಂದು ಕಟ್ಟೆಯ ಮೇಲೆ ಕೂರುತ್ತಾರೆ. ಕೇಳಿದರೆ ಹೇಳುತ್ತಾರೆ, ಹೆಂಗಸರು ಇನ್ನೂ ಚೆನ್ನಾಗಿ ಹೇಳುತ್ತಾರೆ. ಮುಂದಿನ ಸಂಚಿಕೆಗೆ ನಮ್ಮ ಯುವಕರು ಮಾಡಬೇಕಾದ ಕೆಲಸ ಇದು: ಮೊಬೈಲ್ ಹಿಡಿದು ಅವರ ಮುಂದೆ ಕೂತು ಮಾತನ್ನು ಮುದ್ರಿಸಿಕೊಳ್ಳಿ. ಹಳೆಯ ಸಂಬಳದ ಕವರು, ಗಿರವಿ ಚೀಟಿ, ಸಂಘದ ನಡಾವಳಿ ಪುಸ್ತಕ, ಹಿನ್ನೆಲೆಯಲ್ಲಿ ಅಂಗಡಿ ಕಾಣುವ ಮದುವೆ ಮೆರವಣಿಗೆಯ ಫೋಟೊ, ಏನಿದ್ದರೂ ತೆಗೆದಿಡಿ. ಬೋಟಿ ಗೊಜ್ಜು ಮಾರಿದ ತಾಯಂದಿರಿಂದಲೇ ಈ ಕೆಲಸ ಶುರುವಾಗಲಿ. ಅಂಗಡಿಯ ಒಳಗನ್ನೂ ಹೊರಗನ್ನೂ ಎಲ್ಲರಿಗಿಂತ ಹೆಚ್ಚು ಕಾಲ ನೋಡಿದವರು ಅವರು.