ಮೇಷ್ಟ್ರ ದನಿ: ಕೆ.ಎಸ್. ಅಶ್ವತ್ಥ್ ಮತ್ತು ಕನ್ನಡ ಚಿತ್ರರಂಗದ ಪೋಷಕ ಪಾತ್ರ ಪರಂಪರೆ

ಪ್ರಸ್ತಾವನೆ

ಕನ್ನಡ ಚಲನಚಿತ್ರದ ಚರಿತ್ರೆಯನ್ನು ನಾವು ಬಹುಮಟ್ಟಿಗೆ ನಾಯಕನಟರ ಹೆಸರಿನಲ್ಲೇ ಬರೆದುಕೊಂಡು ಬಂದಿದ್ದೇವೆ. 1934ರ ‘ಸತಿ ಸುಲೋಚನ’ದಿಂದ ಈಚೆಗಿನ ಕಾಲವನ್ನು ಘಟ್ಟಗಳಾಗಿ ವಿಂಗಡಿಸುವಾಗಲೂ ನಾಯಕರ ಏಳುಬೀಳುಗಳೇ ಗಡಿಗೆರೆಗಳಾಗುತ್ತವೆ. ತಂದೆಯಾಗಿ, ಮೇಷ್ಟ್ರಾಗಿ, ಊರ ಗೌಡನಾಗಿ, ಮನೆಯ ಹಳೇ ಆಳಾಗಿ ಬಾಳು ಸವೆಸಿದ ಕಲಾವಿದರಿಗೆ ಪಾತ್ರವರ್ಗದ ಪಟ್ಟಿಯಲ್ಲಿ ಒಂದು ಸಾಲು ಸಿಕ್ಕರೆ ಹೆಚ್ಚು. ಆದರೆ ನೋಡುಗರ ನೆನಪು ಹೀಗೆ ಕೆಲಸ ಮಾಡುವುದಿಲ್ಲ. ‘ನಾಗರಹಾವು’ ನೋಡಿದವರಿಗೆ ರಾಮಾಚಾರಿ ನೆನಪಾದಾಗಲೆಲ್ಲ ಚಾಮಯ್ಯ ಮೇಷ್ಟ್ರೂ ಜೊತೆಗೇ ಬರುತ್ತಾರೆ.

ಆ ಮೇಷ್ಟ್ರ ಪಾತ್ರ ವಹಿಸಿದ ಕೆ.ಎಸ್. ಅಶ್ವತ್ಥ್ ಅವರ ವೃತ್ತಿಬದುಕನ್ನು ಈ ಲೇಖನ ಪರಿಶೀಲಿಸುತ್ತದೆ. ಕನ್ನಡ ಚಿತ್ರಗಳಲ್ಲಿ ಹಿರಿಯರ ಪಾತ್ರವು ಕಥೆಗೆ ಇಟ್ಟ ಅಲಂಕಾರವಾಗಿ ಉಳಿಯದೆ ಕಥೆಯ ಭಾರವನ್ನೇ ಹೊರುವಂತಾದದ್ದರಲ್ಲಿ ಅಶ್ವತ್ಥ್ ಅವರ ಪಾಲು ದೊಡ್ಡದು, ಅದಕ್ಕೆ ಬೇಕಾದ ಹದವನ್ನು ಅವರು ಮೈಸೂರಿನ ಬಾನುಲಿ ನಾಟಕಗಳಿಂದ ತಂದರು ಎಂಬುದು ಇಲ್ಲಿನ ವಾದ.

ಸೀಮೆಯ ಹಿನ್ನೆಲೆ

ಮೈಸೂರು–ಹಾಸನ ರಸ್ತೆಯಲ್ಲಿರುವ ಭೇರ್ಯವನ್ನು ಒಳಗೊಂಡ ಕೆ.ಆರ್. ನಗರ, ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಸೀಮೆಗೂ ಕನ್ನಡ ಸಿನಿಮಾಕ್ಕೂ ಹತ್ತಿರದ ನಂಟಿದೆ. ‘ಸತ್ಯ ಹರಿಶ್ಚಂದ್ರ’ (1965), ‘ಭಕ್ತ ಕುಂಬಾರ’ (1974), ‘ಬಭ್ರುವಾಹನ’ (1977) ಚಿತ್ರಗಳ ನಿರ್ದೇಶಕ ಹುಣಸೂರು ಕೃಷ್ಣಮೂರ್ತಿ ತಮ್ಮ ಊರನ್ನು ಹೆಸರಿನಲ್ಲೇ ಹೊತ್ತುಕೊಂಡಿದ್ದರು. ನಿರ್ದೇಶಕ ಪುಟ್ಟಣ್ಣ ಕಣಗಾಲ್ ಹುಟ್ಟಿದ್ದು ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲಿನಲ್ಲಿ. ಅವರ ಅಣ್ಣ ಕಣಗಾಲ್ ಪ್ರಭಾಕರ ಶಾಸ್ತ್ರಿ ಚಿತ್ರಸಾಹಿತಿ. ಕೃಷ್ಣಮೂರ್ತಿ ಪುರಾಣದ ಕಥೆಯನ್ನು ಜನಸಾಮಾನ್ಯರ ಮನೆಮಾತಾಗಿಸಿದರು, ಪುಟ್ಟಣ್ಣ ಕಾದಂಬರಿಯ ಸಂಸಾರವನ್ನು ಬೆಳ್ಳಿತೆರೆಗೆ ತಂದರು. ಈ ಎರಡೂ ಬಗೆಯ ಚಿತ್ರಗಳಿಗೆ ಗಟ್ಟಿ ಪೋಷಕ ನಟರು ಬೇಕಿತ್ತು.

ನೋಡುಗರ ಕಡೆಯಿಂದಲೂ ಈ ಸೀಮೆಯ ಅನುಭವ ಗಮನಾರ್ಹ. ಹಳ್ಳಿಗಾಡಿಗೆ ಸಿನಿಮಾ ಬಂದದ್ದು ಟೂರಿಂಗ್ ಟಾಕೀಸಿನ ಟೆಂಟಿನ ಮೂಲಕ. ನೆಲದ ಟಿಕೆಟ್ಟು ಕೊಂಡು ಮರಳ ಮೇಲೆ ಕೂತವರಿಗೆ ನಾಯಕನ ಸಾಹಸ ಮೆಚ್ಚುಗೆಯಾದರೂ ಅದು ದೂರದ ಮಾತು. ಮಗಳ ಮದುವೆಗೆ ಚಿಂತಿಸುವ ಅಪ್ಪ, ಹುಡುಗನ ಕಿವಿ ಹಿಂಡಿ ಬುದ್ಧಿ ಹೇಳುವ ಮೇಷ್ಟ್ರು ಮಾತ್ರ ಅವರ ಊರಿನಲ್ಲೇ ಇದ್ದರು. ತೆರೆಯ ಮೇಲಿನ ಅಪ್ಪ ಸುಳ್ಳಾಡಿದರೆ ಟೆಂಟಿನಲ್ಲಿ ತಕ್ಷಣ ಗೊತ್ತಾಗುತ್ತಿತ್ತು. ಪೋಷಕ ನಟನಿಗೆ ಇದು ನಾಯಕನಿಗಿಂತ ಕಠಿಣವಾದ ಪರೀಕ್ಷೆ.

ಮೂರು ಗರಡಿಗಳು

1950–60ರ ದಶಕದ ಕನ್ನಡ ಪೋಷಕ ನಟರು ಒಂದೇ ಕಡೆಯಿಂದ ಬಂದವರಲ್ಲ; ಅವರು ಪಳಗಿದ ಗರಡಿಗಳು ಮೂರು. ಮೊದಲನೆಯದು ವೃತ್ತಿರಂಗಭೂಮಿ. ಅರಸೀಕೆರೆಯಲ್ಲಿ ಹುಟ್ಟಿದ ಟಿ.ಎನ್. ಬಾಲಕೃಷ್ಣ ಕಂಪನಿ ನಾಟಕಗಳಲ್ಲಿ ಪಳಗಿ 1943ರ ‘ರಾಧಾರಮಣ’ದ ಹೊತ್ತಿಗೆ ಚಿತ್ರರಂಗಕ್ಕೆ ಬಂದರು. ಕಿವಿ ಕೇಳಿಸದಿದ್ದರೂ ಎದುರು ಪಾತ್ರಧಾರಿಯ ತುಟಿಚಲನೆ ನೋಡಿಯೇ ಮಾತಿನ ಸರದಿ ಹಿಡಿಯುತ್ತಿದ್ದ ಅಸಾಧಾರಣ ಕಲಾವಿದ ಅವರು. ಎರಡನೆಯದು ಕುಸ್ತಿಯ ಅಖಾಡ. ಮೈಸೂರಿನ ಪೈಲ್ವಾನ ಎಂ.ಪಿ. ಶಂಕರ್ ‘ಸತ್ಯ ಹರಿಶ್ಚಂದ್ರ’ದ ವೀರಬಾಹುವಾಗಿ ಹೆಸರು ಮಾಡಿ ಮುಂದೆ ‘ಗಂಧದ ಗುಡಿ’ (1973) ಚಿತ್ರದ ನಿರ್ಮಾಪಕರಾದರು. ಕಂಪನಿಯವರ ಬಂಡವಾಳ ಮಾತಿನ ಓಘ ಮತ್ತು ಕಾಲಪ್ರಜ್ಞೆ. ಅಖಾಡದವರ ಬಂಡವಾಳ ಮೈಕಟ್ಟು.

ಮೂರನೆಯದು ಆಕಾಶವಾಣಿ. ಮಹಾರಾಜ ಕಾಲೇಜಿನ ಮನಃಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರ್ 10ರಂದು ಮೈಸೂರಿನ ಒಂಟಿಕೊಪ್ಪಲಿನ ತಮ್ಮ ಮನೆಯಿಂದ ಕೇವಲ 30 ವಾಟ್ ಸಾಮರ್ಥ್ಯದ ಯಂತ್ರದಲ್ಲಿ ಪ್ರಸಾರ ಆರಂಭಿಸಿದರು. ಮುಂದೆ ಈ ಕೇಂದ್ರ ಮೈಸೂರು ಸಂಸ್ಥಾನದ ಆಡಳಿತಕ್ಕೆ ಸೇರಿತು. 1955ರ ನವೆಂಬರಿನಲ್ಲಿ ಅದು ಬೆಂಗಳೂರಿಗೆ ವರ್ಗವಾಗುವವರೆಗೂ ಮೈಸೂರಿನ ಹವ್ಯಾಸಿ ನಟರಿಗೆ ಬಾನುಲಿ ನಾಟಕ ಒಂದು ನಿತ್ಯದ ಪಾಠಶಾಲೆಯಾಗಿತ್ತು. ಅಶ್ವತ್ಥ್ ಬಂದದ್ದು ಈ ಶಾಲೆಯಿಂದ.

ಬಾನುಲಿಯಿಂದ ಬೆಳ್ಳಿತೆರೆಗೆ

ಕರಗನಹಳ್ಳಿ ಸುಬ್ಬರಾಯ ಅಶ್ವತ್ಥನಾರಾಯಣ ಹುಟ್ಟಿದ್ದು 1925ರ ಮಾರ್ಚ್ 25ರಂದು. 1942ರ ಕ್ವಿಟ್ ಇಂಡಿಯಾ ಚಳವಳಿಗೆ ಧುಮುಕಿದ್ದರಿಂದ ಓದು ಅರ್ಧಕ್ಕೆ ನಿಂತಿತು. ಬಳಿಕ ಸರ್ಕಾರಿ ನೌಕರಿ ಹಿಡಿದರು. ಜೊತೆಗೆ ರಂಗನಾಟಕ, ಬಾನುಲಿ ನಾಟಕಗಳ ನಂಟು ಬೆಳೆಯಿತು. 1955ರಲ್ಲಿ ‘ಸ್ತ್ರೀರತ್ನ’ ಚಿತ್ರದ ಮೂಲಕ ಅವರು ತೆರೆಗೆ ಬಂದರು, ಅದೂ ನಾಯಕನಾಗಿ. ಮೈಸೂರಿನ ಬಾನುಲಿ ಕೇಂದ್ರ ಊರು ಬಿಟ್ಟ ವರ್ಷವೂ ಅದೇ.

ಅದರ ಹಿಂದಿನ ವರ್ಷವಷ್ಟೇ ‘ಬೇಡರ ಕಣ್ಣಪ್ಪ’ ತೆರೆಕಂಡಿತ್ತು; ರಾಜ್‌ಕುಮಾರ್ ನಾಯಕನಾಗಿ ನೆಲೆಯೂರುತ್ತಿದ್ದರು. ಅಶ್ವತ್ಥ್ ನಾಯಕನ ದಾರಿಯಲ್ಲಿ ಹೆಚ್ಚು ದೂರ ಹೋಗಲಿಲ್ಲ. ಪೌರಾಣಿಕ ಚಿತ್ರಗಳಲ್ಲಿ ನಾರದ, ಋಷಿಗಳು, ಸಾಮಾಜಿಕ ಚಿತ್ರಗಳಲ್ಲಿ ತಂದೆ, ಅಣ್ಣ, ಹಿತೈಷಿ ಹೀಗೆ ಪಾತ್ರಗಳು ಅವರನ್ನು ಹುಡುಕಿಕೊಂಡು ಬಂದವು. ರಾಜ್‌ಕುಮಾರ್ ಹುಟ್ಟಿದ್ದು 1929ರಲ್ಲಿ; ಅಂದರೆ ಅಶ್ವತ್ಥ್ ರಾಜ್‌ಗಿಂತ ನಾಲ್ಕೇ ವರ್ಷ ದೊಡ್ಡವರು. ಆದರೂ ‘ಎರಡು ಕನಸು’ (1974) ಚಿತ್ರದಲ್ಲಿ ರಾಜ್ ಮಗ, ಅಶ್ವತ್ಥ್ ತಂದೆ. ತಾಯಿಯಾಗಿ ನಟಿಸಿದ್ದು ಇಪ್ಪತ್ತು ವರ್ಷ ಹಿಂದೆ ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಗೆ ಜೋಡಿಯಾಗಿದ್ದ ಪಂಢರಿಬಾಯಿ. ನೋಡುಗರು ಇದನ್ನು ಒಪ್ಪಿದರು ಎಂದರೆ ಅದು ಬರೀ ಬಿಳಿಗೂದಲ ಮೇಕಪ್ಪಿನಿಂದ ಆದ ಕೆಲಸವಲ್ಲ.

ವಯಸ್ಸನ್ನು ದನಿಯಲ್ಲಿ ತರುವುದು ಬಾನುಲಿ ನಾಟಕದ ಮೊದಲ ಪಾಠ. ಅಲ್ಲಿ ಗಡ್ಡ, ಶಾಲು, ಊರುಗೋಲು ಯಾವುದೂ ನೆರವಿಗೆ ಬರುವುದಿಲ್ಲ. ಮಾತಿನ ನಡುವೆ ಎಲ್ಲಿ ನಿಲ್ಲಬೇಕು, ಉಸಿರು ಎಲ್ಲಿ ಎಳೆಯಬೇಕು, ಎದುರಿನವರ ಮಾತು ಮುಗಿದ ಮೇಲೆ ಎಷ್ಟು ತಡೆದು ಉತ್ತರಿಸಬೇಕು ಎಂಬುದರಲ್ಲೇ ಪಾತ್ರದ ವಯಸ್ಸು, ಅಂತಸ್ತು, ಮನಸ್ಸಿನ ಸ್ಥಿತಿ ಕಾಣಬೇಕು. ಕಂಪನಿ ನಾಟಕದ ನಟ ಕೊನೆಯ ಸಾಲಿನವರಿಗೆ ಕೇಳಿಸಲೆಂದು ದನಿ ಏರಿಸಿದರೆ, ಬಾನುಲಿ ನಟ ಹತ್ತಿರದ ಮೈಕಿಗಾಗಿ ದನಿ ತಗ್ಗಿಸುತ್ತಾನೆ. ಅಶ್ವತ್ಥ್ ಅವರ ತಂದೆ, ಮೇಷ್ಟ್ರ ಪಾತ್ರಗಳು ಕೋಪದಲ್ಲೂ ಅರಚುವುದು ಅಪರೂಪ. ಕೋಪ ಹೆಚ್ಚಿದಷ್ಟೂ ಅವರ ಮಾತು ನಿಧಾನವಾಗುತ್ತದೆ. ಮೈಸೂರು ಕಡೆಯ ತಿಳಿಗನ್ನಡದ ಸ್ಪಷ್ಟ ಉಚ್ಚಾರಣೆ ಇದಕ್ಕೆ ಇನ್ನಷ್ಟು ಬಲ ಕೊಟ್ಟಿತು.

ಪುಟ್ಟಣ್ಣ ಮತ್ತು ಅಶ್ವತ್ಥ್

ಈ ಶಕ್ತಿಯನ್ನು ಪೂರ್ತಿಯಾಗಿ ದುಡಿಸಿಕೊಂಡ ನಿರ್ದೇಶಕ ಪುಟ್ಟಣ್ಣ ಕಣಗಾಲ್. ತ್ರಿವೇಣಿಯವರ ಕಾದಂಬರಿ ಆಧರಿಸಿದ ‘ಬೆಳ್ಳಿಮೋಡ’ (1967) ಕನ್ನಡದಲ್ಲಿ ಪುಟ್ಟಣ್ಣನವರ ಮೊದಲ ಚಿತ್ರ. ಎಸ್ಟೇಟಿನ ಒಡೆಯ, ಇಂದಿರೆಯ ತಂದೆಯಾಗಿ ಅಶ್ವತ್ಥ್ ನಟಿಸಿದರು. ಒಬ್ಬಳೇ ಮಗಳಿದ್ದ ಮನೆಗೆ ತಡವಾಗಿ ಗಂಡುಮಗು ಬರುತ್ತದೆ, ತಾಯಿ ತೀರಿಕೊಳ್ಳುತ್ತಾಳೆ, ಆಸ್ತಿ ಇನ್ನು ಮಗಳದ್ದಾಗದು ಎಂದು ತಿಳಿದು, ಅವಳನ್ನು ಮದುವೆಯಾಗಬೇಕಿದ್ದ ಮೋಹನ ಹಿಂದೆ ಸರಿಯುತ್ತಾನೆ. ವಂಶಕ್ಕೆ ಗಂಡು ಬಂದ ಸಂತೋಷವೇ ಹೆಂಡತಿಯ ಸಾವಿಗೂ ಮಗಳ ಭಂಗಕ್ಕೂ ಕಾರಣವಾದ ತಂದೆಯ ಸ್ಥಿತಿ ಅದು. ಕಥೆಯ ಕೇಂದ್ರದಲ್ಲಿ ಇಂದಿರೆಯಾಗಿ ಕಲ್ಪನಾ ಇದ್ದಾರೆ ನಿಜ. ಆದರೆ ಅವರ ದುಃಖದ ಆಳ ನಮಗೆ ತಾಗುವುದು ಅದನ್ನು ನೋಡುತ್ತ ನಿಂತ ಅಪ್ಪನ ಮುಖದ ಮೂಲಕ.

‘ನಾಗರಹಾವು’ (1972) ಈ ಸಹಯೋಗದ ಶಿಖರ. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಆಧರಿಸಿದ ಈ ಚಿತ್ರ ಚಿತ್ರದುರ್ಗದ ಕೋಟೆಯ ಹಿನ್ನೆಲೆಯಲ್ಲಿ ನಡೆಯುತ್ತದೆ. ಊರೆಲ್ಲ ಪುಂಡನೆಂದು ದೂರುವ ರಾಮಾಚಾರಿಯನ್ನು ಪ್ರೀತಿಯಿಂದ ಕಾಣುವವರು ಮಕ್ಕಳಿಲ್ಲದ ಚಾಮಯ್ಯ ಮೇಷ್ಟ್ರು ಮತ್ತು ಅವರ ಹೆಂಡತಿ ತುಂಗಮ್ಮ (ಲೀಲಾವತಿ). ಆಗ ರಾಮಾಚಾರಿಯಾದ ವಿಷ್ಣುವರ್ಧನ್ 22ರ ಹೊಸ್ತಿಲಲ್ಲಿದ್ದ ಹೊಸ ನಾಯಕ, ಅಶ್ವತ್ಥ್ 47ರ ಅನುಭವಿ. ಹೊಸಬನ ಬಿರುಸಿಗೆ ಎದುರಾಗಿ ಹಿರಿಯರು ತೋರಿದ ತಾಳ್ಮೆಯ ಮೇಲೆ ಇಡೀ ಚಿತ್ರ ನಿಂತಿದೆ.

ಚಾಮಯ್ಯನನ್ನು ಆದರ್ಶ ಗುರು ಎಂದಷ್ಟೇ ಹೊಗಳಿ ಮುಗಿಸುವುದು ರೂಢಿ. ಕಥೆಯನ್ನು ಗಮನಿಸಿ ನೋಡಿದರೆ ಪಾತ್ರ ಅಷ್ಟು ಸರಳವಲ್ಲ. ಬೇರೆ ಜಾತಿಯ ಅಲಮೇಲುವನ್ನು ಬಿಟ್ಟುಬಿಡು ಎಂದು ಶಿಷ್ಯನನ್ನು ಒಪ್ಪಿಸುವವರು ಇದೇ ಮೇಷ್ಟ್ರು. ಬೇರೊಬ್ಬನನ್ನು ಮದುವೆಯಾದ ಅಲಮೇಲುವಿನ ಬಾಳು ನರಕವಾಗುತ್ತದೆ. ಮುಂದೆ ಕ್ರೈಸ್ತ ಹುಡುಗಿ ಮಾರ್ಗರೆಟ್‌ಳ ವಿಷಯ ಬಂದಾಗಲೂ ಅವರು ಅಡ್ಡ ನಿಲ್ಲುತ್ತಾರೆ. ಗುರುವಿನ ಮಾತು ಮೀರದ ಹುಡುಗ ಈ ಸಲ ಮೀರುತ್ತಾನೆ. ಬೆಟ್ಟದ ಮೇಲೆ ತಡೆಯಲು ಬಂದ ಮೇಷ್ಟ್ರು ಶಿಷ್ಯನ ಕೈಯಿಂದಲೇ ಪ್ರಪಾತಕ್ಕೆ ಬೀಳುತ್ತಾರೆ. ಹಡೆದವರಿಗಿಂತ ಹೆಚ್ಚಾಗಿ ಪ್ರೀತಿಸಿದವರೇ ಹುಡುಗನ ನಾಶಕ್ಕೆ ದಾರಿ ಮಾಡಿದರು ಎಂಬ ಕಹಿಸತ್ಯ ಇಲ್ಲಿದೆ.

ಆ ಪ್ರೀತಿ, ಆ ಕಟ್ಟಳೆ ಎರಡನ್ನೂ ಒಂದೇ ಮನುಷ್ಯನಲ್ಲಿ ನಂಬಿಸುವುದು ನಟನ ಮುಂದಿದ್ದ ಸವಾಲು. ಅಲಮೇಲುವನ್ನು ಮರೆಯುವಂತೆ ಹೇಳುವಾಗ ಅಶ್ವತ್ಥ್ ಅವರ ದನಿಯಲ್ಲಿ ಅಧಿಕಾರಕ್ಕಿಂತ ಅಳುಕು ಹೆಚ್ಚು. ತಾನು ಕೇಳುತ್ತಿರುವುದು ಎಷ್ಟು ದೊಡ್ಡದೆಂದು ಅವರಿಗೆ ಗೊತ್ತಿದೆ. ಕೇಳದೆ ಇರುವ ಧೈರ್ಯ ಅವರಿಗಿಲ್ಲ. ಸಮಾಜದ ಕಟ್ಟಳೆಯನ್ನು ಕ್ರೂರಿಯೊಬ್ಬನ ಬಾಯಲ್ಲಿ ಹೇಳಿಸಿದ್ದರೆ ನಾವು ಸುಲಭವಾಗಿ ಬಯ್ದು ಹೊರಬರುತ್ತಿದ್ದೆವು. ನಮಗೆಲ್ಲ ಬೇಕಾದ ಮೇಷ್ಟ್ರ ಬಾಯಲ್ಲಿ ಬಂದದ್ದರಿಂದ ಅದು ನಮ್ಮ ಮನೆಯ ಪ್ರಶ್ನೆಯಾಯಿತು. ಈ ಪಾತ್ರಕ್ಕಾಗಿ ಅಶ್ವತ್ಥ್ ಅವರಿಗೆ ರಾಜ್ಯದ ಅತ್ಯುತ್ತಮ ಪೋಷಕ ನಟ ಪ್ರಶಸ್ತಿ ಬಂತು. ಪುಟ್ಟಣ್ಣ ಇದನ್ನು ಹಿಂದಿಯಲ್ಲಿ ‘ಜೆಹ್ರೀಲಾ ಇನ್ಸಾನ್’ (1974) ಎಂದು ತೆಗೆದಾಗ ಮೇಷ್ಟ್ರಾದವರು ಪ್ರಾಣ್. ಹಿಂದಿ ತೆರೆಯ ಅತಿರಥರೊಬ್ಬರನ್ನು ಈ ಪಾತ್ರಕ್ಕೆ ಆರಿಸಿದ್ದೇ ಅದರ ತೂಕವನ್ನು ಹೇಳುತ್ತದೆ.

ಪುಟ್ಟಣ್ಣನವರ ಚಿತ್ರಗಳಾಚೆ ದೊರೆ–ಭಗವಾನ್ ಜೋಡಿಯ ‘ಕಸ್ತೂರಿ ನಿವಾಸ’ (1971) ಇನ್ನೊಂದು ಮಾದರಿ. ಕೊಡುಗೈ ದೊರೆಯಾದ ರವಿವರ್ಮ ಎಲ್ಲವನ್ನೂ ಕಳೆದುಕೊಳ್ಳುತ್ತ ಹೋಗುವಾಗ ಅಶ್ವತ್ಥ್ ಅವರ ರಾಮಯ್ಯ ಕೊನೆಯವರೆಗೂ ಆ ಮನೆಯ ಋಣ ಬಿಡುವುದಿಲ್ಲ. ನಾಯಕನ ದೊಡ್ಡತನಕ್ಕೆ ತೆರೆಯ ಮೇಲೆ ಒಬ್ಬ ಸಾಕ್ಷಿ ಬೇಕು. ರಾಮಯ್ಯನ ಕಣ್ಣಲ್ಲಿ ನೀರಾಡದಿದ್ದರೆ ರವಿವರ್ಮನ ತ್ಯಾಗ ಅರ್ಧ ಕಾಣುತ್ತಿತ್ತು.

ಹೊರಗಿನ ಹೋಲಿಕೆ

ಅಮೆರಿಕದಲ್ಲಿ ಪೋಷಕ ನಟರ ಸ್ಥಾನವನ್ನು ಉದ್ಯಮ ಬೇಗ ಗುರುತಿಸಿತು. 1936ರ ಚಿತ್ರಗಳಿಗೆ ಕೊಟ್ಟ ಆಸ್ಕರ್‌ನಲ್ಲಿ ಮೊದಲ ಬಾರಿಗೆ ಪೋಷಕ ನಟ, ನಟಿಯರಿಗೆ ಪ್ರತ್ಯೇಕ ಪ್ರಶಸ್ತಿ ಬಂತು. ಪೋಷಕ ನಟ ಪ್ರಶಸ್ತಿಯನ್ನು ಮೊದಲು ಗೆದ್ದವರು ವಾಲ್ಟರ್ ಬ್ರೆನನ್. 1938 ಮತ್ತು 1940ರ ಚಿತ್ರಗಳಿಗೂ ಅವರಿಗೇ ಸಂದಿತು. 1894ರಲ್ಲಿ ಹುಟ್ಟಿದ ಬ್ರೆನನ್ ನಲವತ್ತರ ಪ್ರಾಯದಲ್ಲೇ ಮುದುಕರ ಪಾತ್ರಗಳಿಗೆ ಹೆಸರಾದರು. ಅಶ್ವತ್ಥ್ ಅವರ ವೃತ್ತಿಯ ಜಾಡೂ ಇದೇ. ವ್ಯತ್ಯಾಸ ಇರುವುದು ವ್ಯವಸ್ಥೆಯಲ್ಲಿ. ಅಲ್ಲಿ ಸ್ಟುಡಿಯೋಗಳು ನಟರನ್ನು ಕರಾರಿನ ಮೇಲೆ ಇಟ್ಟುಕೊಂಡಿದ್ದವು, ಪ್ರಚಾರ ವಿಭಾಗ ಅವರ ಬಗ್ಗೆ ಬರೆದಿಡುತ್ತಿತ್ತು. ಸಂಶೋಧಕನಿಗೆ ಇಂದು ಆ ಕಡತಗಳು ಸಿಗುತ್ತವೆ. ಇಲ್ಲಿ ‘ರೂಪತಾರಾ’, ‘ವಿಜಯಚಿತ್ರ’ದಂಥ ಪತ್ರಿಕೆಗಳ ಹಳೇ ಸಂಚಿಕೆ, ಟೆಂಟಿನ ಹೊರಗೆ ಮಾರುತ್ತಿದ್ದ ಹಾಡಿನ ಪುಸ್ತಕ, ಕರಪತ್ರ ಮತ್ತು ಚಿತ್ರಗಳೇ ಆಧಾರ.

ಕೊನೆಯ ವರ್ಷಗಳು

ಅಶ್ವತ್ಥ್ ಮುನ್ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿದರು. ಚಿತ್ರೋದ್ಯಮ ಮದರಾಸಿನಿಂದ ಬೆಂಗಳೂರಿಗೆ ಬಂದರೂ ಅವರು ಮೈಸೂರಿನ ನೆಲೆ ಬಿಡಲಿಲ್ಲ. 1990ರ ‘ಮುತ್ತಿನ ಹಾರ’ದಲ್ಲಿ ವಿಷ್ಣುವರ್ಧನ್ ಜೊತೆ ಮತ್ತೆ ಕಾಣಿಸಿಕೊಂಡರು. ಮಗ ಶಂಕರ್ ಅಶ್ವತ್ಥ್ ಕೂಡ ಪೋಷಕ ನಟರಾಗಿ ಇದೇ ಹಾದಿ ಹಿಡಿದರು. 2009ರ ಡಿಸೆಂಬರ್ 30ರಂದು ವಿಷ್ಣುವರ್ಧನ್ ಮೈಸೂರಿನಲ್ಲಿ ತೀರಿಕೊಂಡರು. 2010ರ ಜನವರಿ 18ರಂದು, ಹತ್ತೊಂಬತ್ತು ದಿನಗಳ ಅಂತರದಲ್ಲಿ, ಅದೇ ಊರಿನಲ್ಲಿ 84ರ ಅಶ್ವತ್ಥ್ ನಿಧನರಾದರು. ರಾಮಾಚಾರಿಯ ಹಿಂದೆಯೇ ಚಾಮಯ್ಯ ಮೇಷ್ಟ್ರೂ ಹೋದರು ಎಂದು ನಾಡು ಮರುಗಿತು.

ಉಪಸಂಹಾರ

ಅಶ್ವತ್ಥ್ ಅವರ ವೃತ್ತಿಬದುಕಿನಿಂದ ಎರಡು ನಿರ್ಣಯಗಳಿಗೆ ಬರಬಹುದು. ಒಂದು, ಕನ್ನಡ ಸಿನಿಮಾದ ಅಭಿನಯ ಶೈಲಿ ರೂಪುಗೊಂಡದ್ದರಲ್ಲಿ ಕಂಪನಿ ನಾಟಕದ ಜೊತೆಗೆ ಬಾನುಲಿ ನಾಟಕಕ್ಕೂ ಸ್ಥಾನ ಕೊಡಬೇಕು. ಈವರೆಗೆ ಅದಕ್ಕೆ ಸಿಕ್ಕಿರುವ ಗಮನ ಸಾಲದು. ಎರಡು, 1960–70ರ ದಶಕದ ಕಾದಂಬರಿ ಆಧಾರಿತ ಚಿತ್ರಗಳಲ್ಲಿ ಸಮಾಜದ ಕಟ್ಟಳೆ ಮಾತಾಡಿದ್ದು ಹಿರಿಯರ ಪಾತ್ರಗಳ ಬಾಯಲ್ಲಿ. ಆ ಪಾತ್ರಗಳನ್ನು ಬಿಟ್ಟು ಆ ಚಿತ್ರಗಳ ಸಾಮಾಜಿಕ ಅಧ್ಯಯನ ಸಾಧ್ಯವೇ ಇಲ್ಲ.

ಇನ್ನೊಂದು ಮಾತು ನಮ್ಮ ಸೀಮೆಯವರಿಗೆ. ಟೆಂಟಿನಲ್ಲಿ ಪ್ರೊಜೆಕ್ಟರ್ ಓಡಿಸಿದವರು, ಟಿಕೆಟ್ ಹರಿದವರು, ಬಾನುಲಿ ನಾಟಕ ಕೇಳಿ ಬೆಳೆದವರು ಭೇರ್ಯ, ಹುಣಸೂರು, ಪಿರಿಯಾಪಟ್ಟಣದ ಕಡೆ ಇನ್ನೂ ಕೆಲವರಾದರೂ ಸಿಕ್ಕಾರು. ಅಟ್ಟದ ಮೇಲಿನ ಟ್ರಂಕಿನಲ್ಲಿ ಹಾಡಿನ ಪುಸ್ತಕಗಳು ಗೆದ್ದಲಿಗೆ ಆಹಾರವಾಗುತ್ತಿರಬಹುದು. ಇಲ್ಲಿನ ಕಾಲೇಜುಗಳ ಕನ್ನಡ ವಿಭಾಗಗಳು ವಿದ್ಯಾರ್ಥಿಗಳನ್ನು ಕಳಿಸಿ ಆ ನೆನಪುಗಳನ್ನು ಧ್ವನಿಮುದ್ರಿಸಲಿ, ಆ ಪುಸ್ತಕಗಳನ್ನು ಗ್ರಂಥಾಲಯಕ್ಕೆ ತರಲಿ. ದೊಡ್ಡ ಅನುದಾನ ಬೇಡದ ಕೆಲಸ ಇದು. ತಡಮಾಡಿದರೆ ಯಾವ ಅನುದಾನದಿಂದಲೂ ಆಗದ ಕೆಲಸವೂ ಹೌದು.