ಹೆಜ್ಜೆಗೆ ಆಸರೆಯಾದ ವಿದ್ಯುತ್ತು

ನಾವು ಪೆರಂಬೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿದ್ದಾಗ ನನ್ನ ಮಗನ ಬಲಗಾಲಿನ ಚಪ್ಪಲಿ ಮಾತ್ರ ಮುಂದುಗಡೆ ಬೇಗ ಸವೆಯುತ್ತಿತ್ತು. ಅವನಿಗೆ ಸೆರೆಬ್ರಲ್ ಪಾಲ್ಸಿ. ಹೆಜ್ಜೆ ಇಡುವಾಗ ಪಾದದ ತುದಿ ಮೇಲೇಳದೆ ನೆಲಕ್ಕೆ ತಗುಲಿ ಮತ್ತೆ ಮತ್ತೆ ಬೀಳುತ್ತಿದ್ದ. ಒಂದು ದಿನ ಫಿಸಿಯೋಥೆರಪಿಸ್ಟ್ ಅವನ ಮೊಣಕಾಲಿನ ಕೆಳಗೆ ಎರಡು ಪ್ಯಾಡ್ ಅಂಟಿಸಿ ಸಣ್ಣ ಯಂತ್ರವೊಂದನ್ನು ಚಾಲೂ ಮಾಡಿದರು. "ಅಮ್ಮಾ, ಇರುವೆ ಹರಿದ ಹಾಗಿದೆ" ಎಂದ. ಪಾದ ತಾನಾಗಿ ಮೇಲೆದ್ದಿತು! ಈ ಯಂತ್ರದ ಹಿಂದಿನ ಕಥೆ ಹುಡುಕಿ ಓದತೊಡಗಿದ್ದು ಅಂದಿನಿಂದ.

ಕಥೆ ಶುರುವಾಗುವುದು ಇಟಲಿಯ ಬೊಲೊನ್ಯಾದಲ್ಲಿ. ವಿದ್ಯುತ್ತಿನಿಂದ ಸತ್ತ ಕಪ್ಪೆಯ ಕಾಲು ಅಲುಗುವುದನ್ನು ಗಾಲ್ವಾನಿ 1791ರಲ್ಲಿ ಪ್ರಕಟಿಸಿದರು. ಆ ಪ್ರಯೋಗಗಳಲ್ಲಿ ಪತ್ನಿ ಲೂಚಿಯಾ ಕೂಡ ಜೊತೆಗಿದ್ದರು. 1861ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಲಿಟ್ಲ್, ಮಕ್ಕಳ ಕಾಲಿನ ಬಿಗಿತಕ್ಕೂ ಕಷ್ಟದ ಹೆರಿಗೆಗೂ ನಂಟಿದೆ ಎಂದರು. ಸರಿಯಾಗಿ ನೂರು ವರ್ಷದ ನಂತರ, 1961ರಲ್ಲಿ, ಅಮೆರಿಕದಲ್ಲಿ ವ್ಲಾದಿಮಿರ್ ಲಿಬರ್ಸನ್ ಮತ್ತು ಸಂಗಡಿಗರು ಪಾರ್ಶ್ವವಾಯು ಪೀಡಿತರಿಗಾಗಿ ಒಂದು ಸಾಧನ ಮಾಡಿದರು. ಹಿಮ್ಮಡಿಯ ಕೆಳಗೆ ಸ್ವಿಚ್ಚು. ಹಿಮ್ಮಡಿ ಎದ್ದರೆ ವಿದ್ಯುತ್ತು ಹರಿದು ಪಾದ ಎತ್ತುತ್ತದೆ, ನೆಲ ಮುಟ್ಟಿದರೆ ನಿಲ್ಲುತ್ತದೆ. ಹಿರಿಯರಿಗಾಗಿ ಹುಟ್ಟಿದ ಈ ಉಪಾಯ ಆಮೇಲೆ ಮಕ್ಕಳಿಗೂ ಬಂತು.

ಯಂತ್ರ ಬಂದರೆ ಸಾಕೇ? ಮಗುವನ್ನು ಅದರವರೆಗೆ ತಲುಪಿಸುವವರು ಬೇಕಲ್ಲ! ನಮ್ಮ ದೇಶದಲ್ಲಿ ಆ ದಾರಿ ಮಾಡಿದವರು ತಾಯಂದಿರು. ಸೆರೆಬ್ರಲ್ ಪಾಲ್ಸಿ ಇದ್ದ ಮಗಳ ತಾಯಿ ಮಿಥು ಅಲೂರ್ 1972ರಲ್ಲಿ ಮುಂಬಯಿಯಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಕಟ್ಟಿದರು. 1980ರಲ್ಲಿ ಬೆಂಗಳೂರಿನಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಹುಟ್ಟಿತು. 1985ರಲ್ಲಿ ನಮ್ಮ ಚೆನ್ನೈಯಲ್ಲಿ, ಇಂಥದೇ ಮಗನ ತಾಯಿ ಪೂನಂ ನಟರಾಜನ್ ಶುರು ಮಾಡಿದ ಸಂಸ್ಥೆಯೇ ಇಂದು ಕೋಟ್ಟೂರುಪುರದಲ್ಲಿರುವ ವಿದ್ಯಾಸಾಗರ್. 1995ರ ಅಂಗವಿಕಲರ ಕಾಯ್ದೆಯಲ್ಲಿ ಸೆರೆಬ್ರಲ್ ಪಾಲ್ಸಿಯ ಹೆಸರು ಸೇರಿತು.

ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಈ ವಿದ್ಯುತ್ತು ಮಿದುಳಿನ ಪೆಟ್ಟನ್ನು ವಾಸಿ ಮಾಡುವುದಿಲ್ಲ. ಯಂತ್ರ ಕಟ್ಟಿಕೊಂಡಿರುವಾಗ ಹಲವು ಮಕ್ಕಳ ಪಾದ ಚೆನ್ನಾಗಿ ಎದ್ದು, ಎಡವುವುದು ಕಡಿಮೆಯಾಗುತ್ತದೆ. ಬಿಚ್ಚಿದ ಮೇಲೂ ಆ ಗುಣ ಉಳಿಯುತ್ತದೆ ಎಂಬ ಭರವಸೆ ಇಲ್ಲ. ಮೀನಖಂಡದ ಸ್ನಾಯು ಪೂರ್ತಿ ಗಿಡ್ಡವಾಗಿ ಬಿಗಿದಿದ್ದರೆ ಇದೊಂದರಿಂದ ಆಗದು. ವ್ಯಾಯಾಮ, ಕಾಲಿನ ಸ್ಪ್ಲಿಂಟ್ ಬಿಡುವಂತಿಲ್ಲ. ಫಿಟ್ಸ್ ಬರುವ ಮಗುವಾದರೆ ವೈದ್ಯರನ್ನು ಕೇಳದೆ ಹಚ್ಚಲೇಬಾರದು.

ನನ್ನ ಮಗ ಈಗಲೂ ಕುಂಟುತ್ತಾನೆ. ಆದರೆ ಅಂಗಡಿಗೆ ಒಬ್ಬನೇ ಹೋಗಿ ಹಾಲು ತರುತ್ತಾನೆ. "ಹೋದ ಜನ್ಮದ ಕರ್ಮ" ಎಂದು ನನಗೆ ಹೇಳಿದವರೂ ಇದ್ದರು. ಅದನ್ನೇ ನಂಬಿ ಕೂತಿದ್ದರೆ? ನಿಮ್ಮ ನೆರೆಯಲ್ಲಿ ತುದಿಗಾಲಲ್ಲಿ ನಡೆಯುವ, ಕಾಲೆಳೆಯುವ ಮಗುವಿದ್ದರೆ ಅದರ ತಾಯಿಯ ಜೊತೆ ಒಮ್ಮೆ ಆಸ್ಪತ್ರೆಗೆ ಹೋಗಿ ಬನ್ನಿ, ಗೆಳತಿಯರೇ. ಬೇಗ ಹೋದಷ್ಟೂ ಒಳ್ಳೆಯದು.